ಇಂಜಿನ್ ಕೆಲಸ ಇರೋ ಹಳೇ ಫೋರ್ ಬೈ ಫೋರ್: ತಗೋಬೇಕಾ, ಬಿಡಬೇಕಾ?

"ಗಾಡಿ ಸೂಪರ್ ಇದೆ ಸಾರ್, ಬರೀ ಹೆಡ್ ಗ್ಯಾಸ್ಕೆಟ್ ಹೋಗಿದೆ, 10 ಸಾವಿರದ ಕೆಲಸ."

ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವ ಗಾಡಿ ಬೇಕು ಅಂತ ಹಳೇ ಜೀಪು, ಜಿಪ್ಸಿ, ಥಾರ್ ಹುಡುಕಿಕೊಂಡು ಅಲೆದವರೆಲ್ಲ ಈ ಮಾತು ಕೇಳಿರುತ್ತೀರಿ. 10 ಸಾವಿರದ ಕೆಲಸ ಆಗಿದ್ದರೆ ಅವರೇ ಮಾಡಿಸಿ 50 ಸಾವಿರ ಜಾಸ್ತಿಗೆ ಮಾರುತ್ತಿದ್ದರು, ಅಲ್ವಾ? ಇಷ್ಟು ಯೋಚನೆ ಮಾಡದೆ ನಾನೂ ಒಮ್ಮೆ ಕೊಡಗಿನ ತೋಟವೊಂದರಿಂದ ಡೀಸೆಲ್ ಜೀಪು ಎಳೆಸಿಕೊಂಡು ಬಂದೆ. ಮಂಡ್ಯದಲ್ಲಿ ಹೆಡ್, ಅಂದರೆ ಇಂಜಿನ್ನಿನ ಮೇಲಿನ ಭಾಗ, ಇಳಿಸಿ ನೋಡಿದರೆ ಅದರ ಕೆಳಗಿನ ಸೀಲ್ ಆದ ಗ್ಯಾಸ್ಕೆಟ್ ಸುಟ್ಟಿದ್ದು ನಿಜ. ಜೊತೆಗೆ ಹೆಡ್ಡೇ ಸೀಳಿತ್ತು, ಪಿಸ್ಟನ್ ಓಡಾಡುವ ಲೈನರ್‌ಗಳಲ್ಲಿ ಬೆರಳಿಗೆ ಸಿಗುವಷ್ಟು ಗೆರೆ ಬಿದ್ದಿತ್ತು. ಮೂರು ದಿನದ ಕೆಲಸ ಮೂರು ತಿಂಗಳು ಹಿಡಿಯಿತು. ಒಟ್ಟು ಎಷ್ಟು ಖರ್ಚಾಯಿತು ಅಂತ ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ಹಾಗಂತ ಇಂಥ ಗಾಡಿ ಮುಟ್ಟಲೇಬೇಡಿ ಅನ್ನುತ್ತಿಲ್ಲ. ಇಂಜಿನ್ ರಿಪೇರಿ ಆಗುವ ವಸ್ತು. ಬೋರ್ ಮಾಡಿಸಬಹುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸಬಹುದು, ಹೆಡ್ ಬೇರೆ ಹಾಕಬಹುದು. ಆಲೆಮನೆ ಇಂಜಿನ್ನು, ಟ್ರ್ಯಾಕ್ಟರ್ ಇಂಜಿನ್ನು ಬಿಚ್ಚಿ ಕಟ್ಟಿ ಪಳಗಿದ ಕೈಗಳು ಮಂಡ್ಯದ ಕಡೆ ಬೇಕಾದಷ್ಟಿವೆ. ತೊಂದರೆ ಇರುವುದು ಬೇರೆ ಕಡೆ. ಓಡದೇ ನಿಂತ ಗಾಡಿಯಲ್ಲಿ ಇಂಜಿನ್ ಮಾತ್ರ ಕೆಟ್ಟಿದೆ ಅಂತ ನಿಮಗೆ ಹೇಗೆ ಗೊತ್ತು? ಗೇರ್‌ಬಾಕ್ಸ್, ಕ್ಲಚ್, ಬಲವನ್ನು ಮುಂದಿನ ಚಕ್ರಗಳಿಗೂ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಆಕ್ಸಲ್, ಇವೆಲ್ಲ ಇಂಜಿನ್ ಓಡಿದರೆ ತಾನೇ ಬಾಯಿ ಬಿಡೋದು? ಸತ್ತ ಇಂಜಿನ್ ಉಳಿದ ಎಲ್ಲಾ ರೋಗವನ್ನೂ ಮುಚ್ಚಿಡುತ್ತದೆ. ಅದಕ್ಕೇ ನಾನು ಈಗ ಇಂಥ ಗಾಡಿ ನೋಡಲು ಹೋದರೆ ಬಾನೆಟ್ ತೆಗೆಯೋದು ಕೊನೆಗೆ.

ಕಾಗದ ಮೊದಲು

ಮನೆ ಬಿಡುವ ಮೊದಲೇ ಗಾಡಿ ನಂಬರ್ ಕೇಳಿ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಆರ್‌ಸಿ ಎಲ್ಲಿವರೆಗೆ ಇದೆ, ಇನ್ಶೂರೆನ್ಸ್ ಇದೆಯಾ, ಸಾಲ ತೀರಿದೆಯಾ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಸ್ವಂತ ಬಳಕೆಯ ಗಾಡಿಗೆ ಆರ್‌ಸಿ 15 ವರ್ಷ. ಆಮೇಲೆ ಸಲಕ್ಕೆ 5 ವರ್ಷದಂತೆ ರಿನ್ಯೂ ಮಾಡಿಸಬೇಕು, ಅದಕ್ಕೆ ಗಾಡಿಯನ್ನು ತಪಾಸಣೆಗೆ ತೋರಿಸಬೇಕು. ಎಷ್ಟೋ ಜನ ಸಿಕ್ಕಿಬೀಳೋದೇ ಇಲ್ಲಿ. ಆರ್‌ಸಿ ಮುಗಿಯಲು ಎರಡು ತಿಂಗಳಿದೆ, ಇಂಜಿನ್ ಗ್ಯಾರೇಜಿನ ನೆಲದ ಮೇಲಿದೆ, ಪಾರ್ಟ್ಸ್ ಇನ್ನೂ ಬಂದಿಲ್ಲ. ತಪಾಸಣೆಗೆ ಏನನ್ನು ತೋರಿಸುತ್ತೀರಿ? ರಿನ್ಯೂವಲ್ ಫೀಸೂ ಈಗ ಸಣ್ಣದಲ್ಲ. 15 ವರ್ಷ ದಾಟಿದ ಕಾರು ಜೀಪಿಗೆ 2022ರಿಂದ 5,000 ರೂಪಾಯಿ, 20 ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. ಗ್ರೀನ್ ಟ್ಯಾಕ್ಸ್ ಬೇರೆ.

ಮೈಸೂರಿನ ಕೆಎ-09, ಕೆಎ-55, ಮಂಡ್ಯದ ಕೆಎ-11 ಅಥವಾ ಕೊಡಗಿನ ಕೆಎ-12 ಆದರೆ ತಲೆನೋವು ಕಡಿಮೆ. ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30 ಸಹಿ ಮಾಡಿಸಿಕೊಂಡರೆ ಆಯಿತು, ನಂಬರ್ ಬದಲಾಗುವುದಿಲ್ಲ. ಸಾಲ ಇದ್ದ ಗಾಡಿಗೆ ಬ್ಯಾಂಕಿನವರು ಸಹಿ ಹಾಕಿದ ಫಾರಂ 35 ಕೂಡ ಬೇಕು. ಹೊರ ರಾಜ್ಯದ ಗಾಡಿ ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನೋ ಪತ್ರ, ತರಬೇಕು, ಇಲ್ಲಿನ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ಕಟ್ಟುಪಾಡು ಬಂದ ಮೇಲೆ ಅಲ್ಲಿನವು ಅಗ್ಗಕ್ಕೆ ದಕ್ಷಿಣಕ್ಕೆ ಬರತೊಡಗಿದವು. ಬೆಲೆ ಕೇಳಿ ಬಾಯಲ್ಲಿ ನೀರೂರುತ್ತದೆ. ಟ್ಯಾಕ್ಸ್ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಕೇಳಿಕೊಂಡೇ ಮಾತಿಗೆ ಕೂರಿ.

ಇನ್ನೊಂದು. ಚಾಸಿ (ಗಾಡಿಯ ಅಡಿಕಟ್ಟು) ನಂಬರ್, ಇಂಜಿನ್ ನಂಬರ್ ಎರಡನ್ನೂ ಆರ್‌ಸಿ ಹಿಡಿದುಕೊಂಡು ಅಕ್ಷರ ಅಕ್ಷರ ಹೋಲಿಸಿ. ಹಳೇ ಜೀಪುಗಳಲ್ಲಿ ಇಂಜಿನ್ ಬದಲಾಗಿರೋದು ಮಾಮೂಲಿ. ಮಹೀಂದ್ರದ ಎಂಎಂ 540 ಜೀಪು ಬಂದಿದ್ದು 2112 ಸಿಸಿಯ ಪ್ಯೂಜೊ ಇಂಜಿನ್ ಜೊತೆ, ಈಗ ಬಾನೆಟ್ ಎತ್ತಿದರೆ ಎಷ್ಟೋ ಕಡೆ ಬೇರೆಯದೇ ಕೂತಿರುತ್ತದೆ. ಬದಲಾಯಿಸಿದ್ದು ತಪ್ಪಲ್ಲ. ಆದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿರಬೇಕು. ಬರೆಸಿಲ್ಲ ಅಂದರೆ ನಾಳೆ ಟ್ರಾನ್ಸ್‌ಫರ್, ರಿನ್ಯೂವಲ್, ಇನ್ಶೂರೆನ್ಸ್ ಕ್ಲೇಮ್ ಮೂರರಲ್ಲೂ ಪರದಾಡುವವರು ನೀವೇ. "ಅದೆಲ್ಲ ಯಾರೂ ನೋಡಲ್ಲ ಸಾರ್" ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಆಮೇಲೆ ಗಾಡಿ ಕೆಳಗೆ ಮಲಗಿ

ಹಳೇ ಬಟ್ಟೆ ಹಾಕಿಕೊಂಡು ಹೋಗಿ. ಟಾರ್ಚು, ಸಣ್ಣ ಸುತ್ತಿಗೆ ಜೊತೆಗಿರಲಿ. ಚಾಸಿಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಮಳೆ ನಾಡಿನಲ್ಲಿ, ಕರಾವಳಿಯಲ್ಲಿ ಬಾಳಿದ ಗಾಡಿಯಾದರೆ ಹಿಂಭಾಗ, ಅಡ್ಡಪಟ್ಟಿಗಳು, ಸ್ಪ್ರಿಂಗ್ ಪಟ್ಟಿ ಸೇರುವ ಜಾಗ ಇವನ್ನು ಬಿಡಬೇಡಿ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಜೋರಾಗಿ ತಟ್ಟಿ, ಯಾರೂ ಸುಮ್ನೆ ಅಲ್ಲಿ ಬಣ್ಣ ಬಳಿಯಲ್ಲ. ಚಾಸಿ ಸೀಳಿದ್ದರೆ, ಬೆಸುಗೆ ಮೇಲೆ ಬೆಸುಗೆ ಇದ್ದರೆ ಅಲ್ಲಿಗೆ ಮಾತು ಮುಗಿಯಿತು, ಇಂಜಿನ್ ಹೊಸದಿದ್ದರೂ ಬೇಡ.

ಈಗ ಫೋರ್ ವೀಲ್. ಇದಕ್ಕೇ ತಾನೇ ನೀವು ಈ ಗಾಡಿ ಹುಡುಕುತ್ತಿರೋದು? ಇಂಜಿನ್ ಓಡದಿದ್ದರೂ ಫೋರ್ ವೀಲ್ ಹಾಕಲು ಲಿವರ್ ಇರುವ ಹಳೇ ಗಾಡಿಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಮುಂದಿನ ಚಕ್ರಗಳ ನಡುವಿನ ಹಬ್‌ಗಳನ್ನು ಲಾಕ್ ಮಾಡಿ, ಲಿವರ್ ಫೋರ್ ಹೈಗೆ, ಅಂದರೆ ಫೋರ್ ವೀಲ್‌ನ ಮಾಮೂಲಿ ವೇಗಕ್ಕೆ, ಹಾಕಿ, ಗೇರ್ ಒಂದರಲ್ಲಿಡಿ. ಒಬ್ಬರು ಒಂದು ಚಕ್ರ ಬಿಗಿಯಾಗಿ ಹಿಡಿಯಲಿ, ನೀವು ಇನ್ನೊಂದನ್ನು ತಿರುಗಿಸಿ. ಸ್ವಲ್ಪ ಆಡಿ ನಿಂತುಬಿಡಬೇಕು. ಸಲೀಸಾಗಿ ತಿರುಗಿದರೆ ಹಬ್ಬೋ ಟ್ರಾನ್ಸ್‌ಫರ್ ಕೇಸೋ ಆಕ್ಸಲ್ಲೋ ಎಲ್ಲೋ ಒಂದು ಕಡೆ ಹಿಡಿತ ತಪ್ಪಿದೆ. ಆಮೇಲೆ ಟೂ ವೀಲ್‌ಗೆ ಹಾಕಿ, ಈಗ ಸಲೀಸಾಗಿ ತಿರುಗಬೇಕು. ತಿರುಗುವಾಗ ಕರಕರ ಸದ್ದು ಬಂದರೆ ಬೇರಿಂಗ್ ಅಥವಾ ಆಕ್ಸಲ್ ಒಳಗಿನ ಕ್ರೌನ್ ಗೇರ್ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಆಕ್ಸಲ್ ನಡುವಿನ ಗೇರ್ ಉಂಡೆ, ಅದೇ ಡಿಫರೆನ್ಶಿಯಲ್, ಅದರಲ್ಲಿ ಆಯಿಲ್ ತುಂಬುವ ಫಿಲ್ಲರ್ ಬೋಲ್ಟ್ ಬಿಚ್ಚಿ ಕಿರುಬೆರಳು ಹಾಕಿ ನೋಡಿ. ಆಯಿಲ್ ಹಾಲಿನ ಹಾಗೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ, ಗಾಡಿ ಹೊಳೆಯಲ್ಲೋ ಕೆಸರಿನಲ್ಲೋ ಮುಳುಗಿ ಎದ್ದಿದೆ ಅಂತ ಅರ್ಥ. ನಾಲ್ಕೂ ಟೈರ್ ಒಂದೇ ಸೈಜಾ ಅಂತಲೂ ನೋಡಿ. ಹಿಂದೆ ಒಂದು ಸೈಜು ಮುಂದೆ ಒಂದು ಸೈಜು ಹಾಕಿ ಫೋರ್ ವೀಲ್‌ನಲ್ಲಿ ಓಡಿಸಿದ್ದರೆ ಟ್ರಾನ್ಸ್‌ಫರ್ ಕೇಸ್ ನರಳಿರುತ್ತದೆ.

ಗಾಡಿ ಹೇಗೋ ಓಡುತ್ತದೆ ಅಂದರೆ ಫೋರ್ ವೀಲ್ ಪರೀಕ್ಷೆಯನ್ನು ಡಾಂಬರಿನ ಮೇಲೆ ಮಾಡಬೇಡಿ, ಬಿಗಿದುಕೊಂಡು ಹಾಳಾಗುತ್ತದೆ. ಕಬ್ಬಿನ ಗದ್ದೆ ಪಕ್ಕದ ಮಣ್ಣು ದಾರಿ ಸಾಕು. ನಿಧಾನಕ್ಕೆ ಜಾಸ್ತಿ ಎಳೆಯುವ ಫೋರ್ ಲೋಗೆ ಹಾಕುವಾಗ ಗಾಡಿ ನಿಂತಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಲೋನಲ್ಲಿ ಮೆಲ್ಲಗೆ ಏರು ಹತ್ತಿಸಿ ಕಾಲು ತೆಗೆಯಿರಿ, ಲಿವರ್ ತಾನಾಗೇ ಹೊರಗೆ ಜಿಗಿದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಲೇಬೇಕು.

ಇಷ್ಟೆಲ್ಲ ಆದ ಮೇಲೆ ಇಂಜಿನ್

ಓಡುವ ಇಂಜಿನ್ ಆದರೆ ಬೆಳಗ್ಗೆ ಹೋಗಿ, "ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ" ಅಂತ ಮೊದಲೇ ಹೇಳಿರಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆಯಿರಿ, ಬಿಸಿ ಇದ್ದಾಗ ತೆಗೆದರೆ ಮುಖ ಬೇಯುತ್ತದೆ. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ, ಡಿಪ್‌ಸ್ಟಿಕ್ ತುದಿಯಲ್ಲಿ ಕಾಫಿ ಬಣ್ಣದ ನೊರೆ ಇದ್ದರೆ, ಸ್ಟಾರ್ಟ್ ಆದ ಮೇಲೆ ರೇಡಿಯೇಟರ್‌ನಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ, ಹೆಡ್ ಗ್ಯಾಸ್ಕೆಟ್ಟೋ ಹೆಡ್ಡೋ ಹೋಗಿದೆ. ಎರಡರಲ್ಲಿ ಯಾವುದು ಅಂತ ಬಿಚ್ಚುವವರೆಗೆ ಯಾವ ಮೇಸ್ತ್ರಿಯೂ ಹೇಳಲಾರ.

ಹೊಗೆ ನೋಡಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಡೀಸೆಲ್ ಜಾಸ್ತಿ ಆದದ್ದು ಅಥವಾ ಗಾಳಿ ಸಾಲದ್ದು, ನಾಜಲ್, ಪಂಪು, ಟರ್ಬೊ ಕಡೆ ನೋಡಬೇಕು. ಬಿಸಿ ಆದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿರಬಹುದು. ಆಯಿಲ್ ಹಾಕುವ ಮುಚ್ಚಳವನ್ನು ಇಂಜಿನ್ ಓಡುತ್ತಿರುವಾಗಲೇ ತೆಗೆದು ನೋಡಿ. ಅಲ್ಲಿಂದ ಬೀಡಿ ಸೇದಿದ ಹಾಗೆ ಪುಸುಪುಸು ಹೊಗೆ ಬರುತ್ತಿದ್ದರೆ ರಿಂಗು, ಬೋರು ಸವೆದಿವೆ. ಕೆಳಗಿನಿಂದ ಟೊಕ್ ಟೊಕ್ ಅಂತ ದಪ್ಪ ಸದ್ದು ಬಂದರೆ ಬೇರಿಂಗ್. ಅಂಥದ್ದನ್ನು ಟೆಸ್ಟ್ ಡ್ರೈವ್‌ಗೂ ತಗೋಬೇಡಿ.

ಇವೆಲ್ಲ ಪಾಸಾದರೆ ಮೈಸೂರಿನವರಿಗೆ ದೇವರೇ ಕೊಟ್ಟ ಟೆಸ್ಟ್ ಟ್ರ್ಯಾಕ್ ಚಾಮುಂಡಿ ಬೆಟ್ಟ. ಮಂಡ್ಯದವರು ಮೇಲುಕೋಟೆ ಏರಿಗೆ ಹೋಗಬಹುದು. ಗೆಳೆಯನೊಬ್ಬ ಬೈಕಿನಲ್ಲಿ ಹಿಂದೆ ಬರಲಿ. ಹತ್ತುವಾಗ ಹೀಟ್ ಮುಳ್ಳು ನೋಡುತ್ತಿರಿ, ಮೇಲೆ ಹೋಗಿ 5 ನಿಮಿಷ ಐಡಲ್‌ನಲ್ಲಿ ನಿಲ್ಲಿಸಿ ಮತ್ತೆ ನೋಡಿ. ಇಳಿಯುವಾಗ ಗೇರ್‌ನಲ್ಲೇ ಬನ್ನಿ, ಕಾಲು ತೆಗೆದು ಸ್ವಲ್ಪ ದೂರ ಇಳಿದು ಆಮೇಲೆ ಆಕ್ಸಿಲರೇಟರ್ ಒತ್ತಿ. ಆಗ ಭುಸ್ ಅಂತ ನೀಲಿ ಹೊಗೆ ಬಂತಾ ಅಂತ ಹಿಂದಿನವನು ಹೇಳುತ್ತಾನೆ. ಬಂದರೆ ವಾಲ್ವ್ ಸೀಲ್, ಗೈಡ್ ಕೆಲಸ. ತಾಯಿ ದರ್ಶನವೂ ಆಯಿತು.

ಪೂರ್ತಿ ನಿಂತ ಇಂಜಿನ್ ಆದರೆ ನೋಡೋಕೆ ಸಿಗೋದು ಕಮ್ಮಿ. ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗಿಸಿ ನೋಡಿ. ಎರಡು ಸುತ್ತು ತಿರುಗಿದರೆ ಆಸೆ ಇದೆ. ಜಾಮ್ ಆಗಿದ್ದರೆ ಆ ಇಂಜಿನ್ನಿಗೆ ಗುಜರಿ ಬೆಲೆ ಅಷ್ಟೇ. ಸೆಲ್ಫ್ ಹೊಡೆಯುವಂತಿದ್ದರೆ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಚೆಕ್ ಮಾಡಿಸಿ. ಪೆಟ್ರೋಲ್ ಇಂಜಿನ್ನಿಗೆ ಸುಮಾರು 150ರಿಂದ 190 ಪಿಎಸ್‌ಐ, ಡೀಸೆಲ್‌ಗೆ ಸುಮಾರು 350ರ ಮೇಲೆ ಬರಬೇಕು. ಅಂಕಿಗಿಂತ ಮುಖ್ಯ, ಸಿಲಿಂಡರ್‌ಗಳ ನಡುವೆ ಜಾಸ್ತಿ ವ್ಯತ್ಯಾಸ ಇರಬಾರದು. ಮೂರು ಸಮ ಇದ್ದು ಒಂದು ಬಿದ್ದುಹೋಗಿದ್ದರೆ ಕೆಲಸ ಅಲ್ಲಿದೆ.

ಯಾವ ಗಾಡಿ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಜಿಪ್ಸಿ 1985ರಲ್ಲಿ 970 ಸಿಸಿಯಲ್ಲಿ ಬಂದು 1996ರಿಂದ 1.3 ಲೀಟರ್ ಆಯಿತು. ಆ 1.3 ಮಾರುತಿ ಎಸ್ಟೀಮ್ ಕಾರಿನ ಇಂಜಿನ್ನಿನ ಬಳಗದ್ದೇ, ಬಿಚ್ಚಿ ಗೊತ್ತಿರುವವರು ಸಿಗುತ್ತಾರೆ. ಹಳೇ ಜೀಪಿನ ಇಂಜಿನ್ ಎಲ್ಲ ಕಬ್ಬಿಣ ಮತ್ತು ಬೋಲ್ಟು. 2010ರಿಂದ 2020ರವರೆಗಿನ ಥಾರ್ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್ ಇಂಜಿನ್) ಆದರೆ ಇಂಜೆಕ್ಟರ್, ಹೈ ಪ್ರೆಶರ್ ಪಂಪ್, ಸೆನ್ಸರ್ ಇರುತ್ತವೆ. ಪಿಸ್ಟನ್ ರಿಂಗಿಗಿಂತ ಇವೇ ಜೇಬು ಸುಡೋದು. ಹಳೇ ಪಜೆರೊದಂಥದ್ದು ಅಗ್ಗಕ್ಕೆ ಸಿಕ್ಕರೆ ಮೊದಲು ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿ, ಪಿಸ್ಟನ್ ಸೆಟ್ಟು, ಹೆಡ್ಡು ಇದೆಯಾ, ಎಷ್ಟು ದಿನದಲ್ಲಿ ಬರುತ್ತದೆ ಅಂತ ಕೇಳಿಕೊಂಡೇ ಅಡ್ವಾನ್ಸ್ ಮಾತಾಡಿ.

ಲೆಕ್ಕ

ಇಂಜಿನ್ ಪೂರ್ತಿ ಸತ್ತಿದೆ ಅಂತಲೇ ಲೆಕ್ಕ ಹಾಕಿ. "ಹಾಫ್ ಇಂಜಿನ್ ಸಾಕು", ಅಂದರೆ ಅರ್ಧ ಕೆಲಸ ಮಾಡಿಸಿದರೆ ಆಯಿತು, ಅನ್ನೋ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಅಂಕಿ ಉದಾಹರಣೆಗೆ ಅಷ್ಟೇ, ನಿಮ್ಮದನ್ನು ನಿಮ್ಮ ಮೇಸ್ತ್ರಿ ಹತ್ತಿರ ಕೇಳಿ ಹಾಕಿಕೊಳ್ಳಿ. ಅದೇ ಮಾಡೆಲ್ ಚೆನ್ನಾಗಿ ಓಡುವ ಗಾಡಿ 5 ಲಕ್ಷಕ್ಕೆ ಸಿಗುತ್ತದೆ ಅಂತಿಟ್ಟುಕೊಳ್ಳಿ. ಫುಲ್ ಇಂಜಿನ್ ಕೆಲಸ 1 ಲಕ್ಷ 20 ಸಾವಿರ. ಇಂಜಿನ್ ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಹೋಸ್, ರೇಡಿಯೇಟರ್, ಬ್ಯಾಟರಿ ಬಿಡೋಕಾಗಲ್ಲ, 60 ಸಾವಿರ. ಎಳೆಸಿಕೊಂಡು ಬರೋದು ಮತ್ತು ಕಾಗದದ ಖರ್ಚು 20 ಸಾವಿರ. ಇವನ್ನೆಲ್ಲ 5 ಲಕ್ಷದಲ್ಲಿ ಕಳೆದರೆ ಉಳಿದದ್ದು 3 ಲಕ್ಷ. ಇಲ್ಲಿಗೇ ನಿಲ್ಲಿಸಬೇಡಿ. ಇಂಜಿನ್ನು, ಅದರ ಜೊತೆಗಿನ ಕೆಲಸ ಸೇರಿ 1 ಲಕ್ಷ 80 ಸಾವಿರ ಆಯಿತಲ್ಲ, ಅದರ ಮೇಲೆ 30 ಪರ್ಸೆಂಟ್, ಅಂದರೆ 54 ಸಾವಿರ, ಕಾಣದ ಕೆಲಸಕ್ಕೆ ತೆಗೆದಿಡಿ. ಅದನ್ನೂ 3 ಲಕ್ಷದಲ್ಲಿ ಕಳೆದರೆ 2 ಲಕ್ಷ 46 ಸಾವಿರ ಬಂತು, ಗಾಡಿಗೆ ನೀವು ಕೊಡಬಹುದಾದದ್ದು ಅಷ್ಟೇ. ಅದರ ಮೇಲೆ ಒಂದು ರೂಪಾಯಿ ಕೊಟ್ಟರೂ ಓಡುವ ಗಾಡಿ ತಗೊಂಡವನಿಗಿಂತ ನೀವು ದಡ್ಡರು. ಅವನು ಇವತ್ತೇ ಓಡಿಸುತ್ತಾನೆ, ನೀವು ಪಾರ್ಟ್ಸ್ ಕಾಯುತ್ತಾ ಕೂತಿರುತ್ತೀರಿ.

ದಿನಾ ಕೆಲಸಕ್ಕೆ ಇದೇ ಗಾಡಿ ಬೇಕು, ಮನೆಯಲ್ಲಿ ಬೇರೆ ಗಾಡಿ ಇಲ್ಲ ಅಂದರೆ ಬಿಟ್ಟುಬಿಡಿ. ವರ್ಷಕ್ಕೊಮ್ಮೆ ಮಡಿಕೇರಿಗೆ ಹೋಗಿ ಬರೋಕೆ ಅಂದರೂ ಬಿಡಿ, ಅಲ್ಲಿಗೆ ಮಾಮೂಲಿ ಕಾರೂ ಹೋಗುತ್ತದೆ.

ಲೆಕ್ಕ ಕೂಡಿಬಂದು, ಚಾಸಿ ಗಟ್ಟಿ ಇದ್ದು, ಕಾಗದ ಸರಿ ಇದ್ದರೆ ಕೊನೆಗೆ ಒಂದು ಮಾತು ಕೇಳಿ ನೋಡಿ. "ಹೆಡ್ ಇಳಿಸಿ ನೋಡೋಣ, ಮೇಸ್ತ್ರಿ ನಮ್ಮವರು, ಖರ್ಚು ನನ್ನದು. ನೀವು ಹೇಳಿದಷ್ಟೇ ಕೆಲಸ ಇದ್ದರೆ ನೀವು ಹೇಳಿದ ಬೆಲೆ." ಬಹಳ ಜನ ಒಪ್ಪಲ್ಲ, ಅಲ್ಲಿಗೆ ನಿಮಗೂ ಉತ್ತರ ಸಿಕ್ಕಿತು. ಒಪ್ಪಿದರೆ ಬಿಚ್ಚುವಾಗ ಎದುರಿಗೇ ಇರಿ, ಬೋರ್ ಅಳತೆ ಬರೆಸಿಕೊಳ್ಳಿ, ತೆಗೆದ ಹಳೇ ಗ್ಯಾಸ್ಕೆಟ್ ಬಿಸಾಡಲು ಬಿಡಬೇಡಿ. ಹೋದ ವರ್ಷ ನಮ್ಮ ಭಾವನಿಗೆ ಶ್ರೀರಂಗಪಟ್ಟಣದ ಹತ್ತಿರ ಒಂದು ಜಿಪ್ಸಿ ನೋಡಿದಾಗ ಆ ಯಜಮಾನರು ಒಪ್ಪಿದರು. ಮಾವಿನ ಮರದ ಕೆಳಗೇ ಹೆಡ್ ಇಳಿಸಿದೆವು. ಬರೀ ಗ್ಯಾಸ್ಕೆಟ್ ಹೋಗಿತ್ತು, ಅವರು ಹೇಳಿದ ಹಾಗೆಯೇ. ಭಾವ ಒಂದು ರೂಪಾಯಿ ಚೌಕಾಸಿ ಮಾಡದೆ ದುಡ್ಡು ಎಣಿಸಿಕೊಟ್ಟರು.