ಹವ್ಯಾಸಿ ಆಟದಿಂದ ಪ್ರೊ ಕಾರ್ಡಿನವರೆಗೆ: ಬೆಂಗಳೂರಿನ ಗಾಲ್ಫ್ ಆಟಗಾರನೊಬ್ಬನ ಅನುಭವ

ಗಾಲ್ಫ್ ಕಲಿಯುತ್ತಿರುವ ಮಕ್ಕಳ ತಂದೆತಾಯಿಗಳು ನನ್ನಲ್ಲಿ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಪಾರ್‌ಗಿಂತ ಎಷ್ಟು ಹೊಡೆತ ಕಡಿಮೆ ಆಡಿದರೆ ನಮ್ಮ ಹುಡುಗ ವೃತ್ತಿಪರ ಆಟಗಾರನಾಗಬಹುದು? ಪಾರ್ ಎಂದರೆ ಒಂದು ಹೋಲ್‌ಗೆ, ಅಥವಾ ಹದಿನೆಂಟು ಹೋಲ್‌ಗಳ ಇಡೀ ಸುತ್ತಿಗೆ, ನಿಗದಿಯಾದ ಹೊಡೆತಗಳ ಸಂಖ್ಯೆ, ಸುತ್ತಿಗೆ ಸಾಮಾನ್ಯವಾಗಿ 72ರ ಆಸುಪಾಸು. ಪ್ರಶ್ನೆ ಸಹಜವಾದದ್ದೇ. ಆದರೆ ಹವ್ಯಾಸಿಯಾಗಿ ಬೆಳೆದು, ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾದಲ್ಲಿ (ದೇಶದ ವೃತ್ತಿಪರ ಪಂದ್ಯಗಳ ಸರಣಿ) ಆಡಲು ಬೇಕಾದ ಕಾರ್ಡು ಪಡೆದು, ಪ್ರಶಸ್ತಿ ಗೆದ್ದವರ ಸಾಲಿನಲ್ಲಿ ಅಲ್ಲದಿದ್ದರೂ ಸಂಸಾರ ತೂಗುವಷ್ಟು ಕಾಲ ಅದರಲ್ಲಿ ಉಳಿದುಕೊಂಡಿರುವ ನನಗೆ, ಅವರು ಆ ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಒಳ್ಳೆಯದು ಎನ್ನಿಸುತ್ತದೆ. ಚೆನ್ನಾಗಿ ಆಡಿದ ದಿನ 67 ಹೊಡೆಯುವ ಹವ್ಯಾಸಿಗಳು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಯಾವುದೂ ಕೈಗೆ ಹತ್ತದ ದಿನವೂ 73ರಲ್ಲಿ ಮುಗಿಸಿ ಬರುವವರು ಬಹಳ ಕಡಿಮೆ. ಟೂರ್‌ನಲ್ಲಿ ಹೊಟ್ಟೆ ತುಂಬುವುದು ಎರಡನೆಯ ಗುಂಪಿನವರಿಗೆ.

ನಮ್ಮ ಮನೆ ಇದ್ದದ್ದು ಮುರುಗೇಶಪಾಳ್ಯದಲ್ಲಿ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನಕ್ಕೆ ನಡೆದು ಹೋಗುವ ದೂರದಲ್ಲಿ. ಐದು ಸಲ ಬ್ರಿಟಿಷ್ ಓಪನ್ ಗೆದ್ದಿದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಚಲ್ಲಘಟ್ಟದ ತಗ್ಗಿನಲ್ಲಿ ವಿನ್ಯಾಸ ಮಾಡಿಕೊಟ್ಟ ಮೈದಾನ ಅದು. ಪಕ್ಕದ ಟೆಕ್ ಪಾರ್ಕಿಗೆ ಗಾಲ್ಫ್‌ಲಿಂಕ್ಸ್ ಎಂಬ ಹೆಸರು ಬಂದದ್ದೂ ಅದರಿಂದಲೇ, ಆ ಹೆಸರು ಹೇಳುವವರಲ್ಲಿ ಹೆಚ್ಚಿನವರು ಒಳಗಿನ ಹುಲ್ಲನ್ನು ಎಂದೂ ನೋಡಿರಲಾರರು. ನಾನು ಮಕ್ಕಳ ತರಬೇತಿಗೆ ಸೇರಿದಾಗ ಪ್ರಯಾಣಿಕರ ವಿಮಾನಗಳು ಇನ್ನೂ ದೇವನಹಳ್ಳಿಗೆ ಹೋಗಿರಲಿಲ್ಲ. ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುವ ವಿಮಾನ ಸದ್ದು ಮಾಡುವಾಗಲೂ ಪಟ್ ಮಾಡುವ (ಹೋಲ್ ಬಳಿ ಚೆಂಡನ್ನು ಮೆಲ್ಲಗೆ ಉರುಳಿಸುವ) ಅಭ್ಯಾಸ ನಮಗೆಲ್ಲ ತಾನಾಗಿಯೇ ಆಗಿಹೋಯಿತು. ಅಪ್ಪನಿಗೆ ಸಾರ್ವಜನಿಕ ಉದ್ದಿಮೆಯೊಂದರಲ್ಲಿ ಕೆಲಸ. ಕ್ಲಬ್ಬಿನ ಸದಸ್ಯತ್ವ ನಮ್ಮ ಕೈಗೆ ಎಟಕುವಂಥದ್ದಾಗಿರಲಿಲ್ಲವಾದ್ದರಿಂದ ನನ್ನ ಆಟ ಬಹುಕಾಲ ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿನಲ್ಲಿ, ಬಕೆಟ್ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಚೆಂಡುಗಳ ಜೊತೆಯಲ್ಲೇ ನಡೆಯಿತು.

ಸ್ವಿಂಗ್ ಕಲಿಸಿದವರು ತರಬೇತುದಾರರು, ನಿಜ. ಆದರೆ ಗ್ರೀನ್ ಓದುವುದನ್ನು, ಅಂದರೆ ಹೋಲ್ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗದಲ್ಲಿ ಚೆಂಡು ಹೇಗೆ ಉರುಳುತ್ತದೆ ಎಂದು ಅಂದಾಜಿಸುವುದನ್ನು, ಕಲಿಸಿದವರು ಆಟಗಾರರ ಚೀಲ ಹೊರುವ ಕ್ಯಾಡಿಗಳು. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಮಾತನಾಡುತ್ತಿದ್ದ ಹಿರಿಯ ಕ್ಯಾಡಿಯೊಬ್ಬರು, ನಾನು ಗ್ರೀನಿನ ಇಳಿಜಾರನ್ನು ಅಳೆಯುತ್ತ ಕುಳಿತಿದ್ದಾಗ, "ಮೊದಲು ಹುಲ್ಲು ಯಾವ ಕಡೆ ಮಲಗಿದೆ ನೋಡಪ್ಪ, ಇಳಿಜಾರು ಆಮೇಲೆ" ಎಂದರು. ನಮ್ಮ ಕಡೆಯ ಗ್ರೀನ್‌ಗಳಲ್ಲಿರುವ ಬರ್ಮುಡಾ ಹುಲ್ಲು ನೆಟ್ಟಗೆ ನಿಲ್ಲುವುದಿಲ್ಲ, ಒಂದು ದಿಕ್ಕಿಗೆ ವಾಲಿ ಬೆಳೆಯುತ್ತದೆ. ಚೆಂಡಿನ ಹಿಂದೆ ನಿಂತು ನೋಡಿದಾಗ ಹುಲ್ಲು ಹೊಳೆಯುತ್ತಿದ್ದರೆ ಅದು ನಮ್ಮಿಂದ ಆಚೆಗೆ ವಾಲಿದೆ ಎಂದು ಅರ್ಥ, ಪಟ್ ವೇಗವಾಗಿ ಓಡುತ್ತದೆ. ಮಂಕಾಗಿ ಕಡುಹಸಿರಾಗಿ ಕಂಡರೆ ಹುಲ್ಲು ನಮ್ಮ ಕಡೆಗೇ ಮುಖ ಮಾಡಿದೆ, ಗಟ್ಟಿಯಾಗಿ ಹೊಡೆಯಬೇಕು. ಸಂದೇಹ ಉಳಿದರೆ ಹೋಲ್‌ನ ಅಂಚನ್ನು ನೋಡಬೇಕು. ಬೆಳಿಗ್ಗೆ ಕೊರೆದ ಹೋಲ್‌ನ ಒಂದು ಬದಿ ಮಧ್ಯಾಹ್ನದ ಹೊತ್ತಿಗೂ ಚೂಪಾಗಿಯೇ ಇರುತ್ತದೆ, ಇನ್ನೊಂದು ಬದಿಯ ಹುಲ್ಲು ಬಾಡಿ ಕಂದಾಗಿ ಎಳೆಎಳೆಯಾಗಿರುತ್ತದೆ. ಹುಲ್ಲು ವಾಲಿರುವುದು ಆ ಕಂದು ಬದಿಗೆ. 108 ಮಿಲಿಮೀಟರ್ ಅಗಲದ ಒಂದು ತೂತು ಇಷ್ಟೆಲ್ಲ ಹೇಳುತ್ತದೆ ಎನ್ನುವುದು ನನಗೆ ಯಾವ ಪಾಠದಲ್ಲೂ ಸಿಕ್ಕಿರಲಿಲ್ಲ. ಇದೇ ಮೈದಾನದಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ ಅವರು 2009ರಲ್ಲಿ ಗುರುಗ್ರಾಮದಲ್ಲಿ ಪ್ಲೇಆಫ್ (ಸಮಬಲವಾದಾಗ ಆಡುವ ನಿರ್ಣಾಯಕ ಆಟ) ಆಡಿ ಇಂಡಿಯನ್ ಓಪನ್ ಗೆದ್ದಾಗ ಹೊರಗಿನವರಿಗೆ ಆಶ್ಚರ್ಯವಾಗಿರಬಹುದು, ಕ್ಯಾಡಿಗಳ ಶೆಡ್ಡಿನಲ್ಲಿ ಕುಳಿತು ಚಹಾ ಕುಡಿದವರಿಗೆ ಅಷ್ಟಾಗಿ ಆಗಲಿಲ್ಲ.

ಹವ್ಯಾಸಿ ಪಂದ್ಯಾವಳಿಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಇಂಡಿಯನ್ ಗಾಲ್ಫ್ ಯೂನಿಯನ್ ನಡೆಸುವ ಜೂನಿಯರ್ ಪಂದ್ಯಾವಳಿಗಳು, ಆಮೇಲೆ ವಯಸ್ಕರ ಪಂದ್ಯಾವಳಿಗಳು, ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೆಯದು) ಇಳಿಸಿಕೊಳ್ಳುವುದು, ರ‍್ಯಾಂಕಿಂಗ್ ಏರುವುದು: ದಾರಿ ಎಲ್ಲರಿಗೂ ಇದೇ. ಇದರಲ್ಲಿ ನನ್ನ ಮಟ್ಟಿಗೆ ಮುಖ್ಯವಾದದ್ದು ಒಂದು ಸಂಗತಿ ಮಾತ್ರ. 1892ರಲ್ಲಿ ಆರಂಭವಾದ ಅಖಿಲ ಭಾರತ ಹವ್ಯಾಸಿ ಚಾಂಪಿಯನ್‌ಷಿಪ್‌ನಲ್ಲಿ ಮೊದಲು ಅರ್ಹತಾ ಸುತ್ತುಗಳು ಮುಗಿದು, ನಂತರ ಇಬ್ಬಿಬ್ಬರು ಎದುರುಬದುರಾಗಿ ಆಡುವ ಮ್ಯಾಚ್ ಪ್ಲೇ ನಡೆಯುತ್ತದೆ. ಅಲ್ಲಿ ಒಂದು ಹೋಲ್‌ನಲ್ಲಿ ಐದು ಹೊಡೆದು ಸೋತರೂ ಒಂಬತ್ತು ಹೊಡೆದು ಸೋತರೂ ಹೋಗುವುದು ಒಂದೇ ಹೋಲ್. ಹೀಗಾಗಿ ಮರಗಳ ಸಂದಿನಿಂದ ನೇರವಾಗಿ ಗ್ರೀನಿಗೆ ಹೊಡೆಯುವ, ನೀರಿನ ಮೇಲೆ ಹಾಯಿಸುವ ಧೈರ್ಯಕ್ಕೆ ಅಲ್ಲಿ ಬೆಲೆ ಇದೆ, ನೋಡುವವರೂ ಭೇಷ್ ಎನ್ನುತ್ತಾರೆ. ವೃತ್ತಿಪರ ಟೂರ್ ಬಹುಮಟ್ಟಿಗೆ ಪೂರ್ತಿಯಾಗಿ ಸ್ಟ್ರೋಕ್ ಪ್ಲೇ, ಅಂದರೆ ಎಲ್ಲ ಸುತ್ತುಗಳ ಒಟ್ಟು ಹೊಡೆತಗಳ ಲೆಕ್ಕ. ಗುರುವಾರ ಕಳೆದುಕೊಂಡ ಹೊಡೆತ ಭಾನುವಾರದ ಲೆಕ್ಕದಲ್ಲೂ ಇರುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ಸುತ್ತು ಆಡಿ ಒಂದು ಹೊಡೆತದಲ್ಲಿ ಪದಕದಿಂದ ದೂರ ಉಳಿದರು. ಇದೇ ಊರಿನಲ್ಲಿ ಆಟ ಹದಗೊಳಿಸಿಕೊಂಡ ಅನಿರ್ಬನ್ ಲಾಹಿರಿ 2022ರಲ್ಲಿ ಅಮೆರಿಕದ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯವರಾದದ್ದೂ ಒಂದೇ ಹೊಡೆತದ ಅಂತರದಲ್ಲಿ. ಅಂಥ ಎತ್ತರದಲ್ಲಿ ನಡೆಯುವ ಈ ಲೆಕ್ಕ, ಎರಡು ಸುತ್ತಿನ ನಂತರ ಕೆಳಗಿನವರನ್ನು ಹೊರಗಿಡುವ ಕಟ್ ದಾಟಲು ಒದ್ದಾಡುವ ನಮ್ಮಂಥವರಿಗೆ ಪ್ರತಿ ಶುಕ್ರವಾರ ನಡೆಯುತ್ತದೆ.

ವೃತ್ತಿಪರನಾಗಲು ತೀರ್ಮಾನಿಸಿದ ವರ್ಷ ಅಭ್ಯಾಸದ ಕ್ರಮವನ್ನೇ ಬದಲಿಸಿದೆ. ರೇಂಜಿನಲ್ಲಿ ಹೊತ್ತು ಕಳೆಯುವುದನ್ನು ಕಡಿಮೆ ಮಾಡಿ, ಮೈದಾನದಲ್ಲಿ ಸಂಜೆ ಜನ ತೆರವಾದ ಮೇಲೆ ಎರಡು ಚೆಂಡು ಇಟ್ಟುಕೊಂಡು ಆಡತೊಡಗಿದೆ. ಪ್ರತಿ ಸಲವೂ ಎರಡು ಚೆಂಡನ್ನೂ ಹೊಡೆಯಬೇಕು, ಯಾವುದು ಕೆಟ್ಟ ಜಾಗದಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಮತ್ತೆ ಎರಡನ್ನೂ ಹೊಡೆಯಬೇಕು. ಒಂದು ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ನಡುವೆ ಇದ್ದು ಇನ್ನೊಂದು ಬಂಕರಿನಲ್ಲಿ (ಮರಳಿನ ಗುಂಡಿಯಲ್ಲಿ) ಇದ್ದರೆ ಆಟ ಮುಂದುವರಿಯುವುದು ಬಂಕರಿನಿಂದ. ನಾಲ್ಕಡಿಯ ಪಟ್ ಕೂಡ ಎರಡು ಸಲ ಹೋದರೆ ಮಾತ್ರ ಹೋದಂತೆ. ಇದು ಹೊಸ ಉಪಾಯವೇನಲ್ಲ, ಜಗತ್ತಿನ ದೊಡ್ಡ ಆಟಗಾರರೂ ಮಾಡುವಂಥದ್ದೇ. ಆದರೆ ಮೈ ಬಗ್ಗಿಸಿ ಮಾಡುವವರು ಕಡಿಮೆ, ಏಕೆಂದರೆ ಇದರಲ್ಲಿ 80ರ ಒಳಗೆ ಬರುವುದೇ ಕಷ್ಟ, ಹೊರಗಿನಿಂದ ನೋಡುವವರಿಗೆ ಹುಡುಗನ ಆಟ ಕೆಟ್ಟಿದೆ ಎನ್ನಿಸುತ್ತದೆ. ಈ ಕ್ರಮ ನನಗೆ ಕಲಿಸಿದ್ದು ದೊಡ್ಡ ಹೊಡೆತವನ್ನಲ್ಲ. ಚೆಂಡು ಮರದ ಬುಡಕ್ಕೆ ಹೋದಾಗ ಅಡ್ಡಕ್ಕೆ ಹೊಡೆದು ಫೇರ್‌ವೇಗೆ ಬಂದು, ವೆಡ್ಜ್‌ನಲ್ಲಿ (ಚೆಂಡನ್ನು ಎತ್ತಿ ಹಾಕುವ ಕೋಲು) ಗ್ರೀನ್ ಸೇರಿಸಿ, ಬೋಗಿ (ಪಾರ್‌ಗಿಂತ ಒಂದು ಹೊಡೆತ ಹೆಚ್ಚು) ತೆಗೆದುಕೊಂಡು, ಮುಂದಿನ ಹೋಲ್ ಶುರುವಾಗುವ ಟೀಗೆ ಸಮಾಧಾನವಾಗಿ ನಡೆಯುವುದನ್ನು ಕಲಿಸಿತು. ಬೋಗಿಯಿಂದ ಯಾರೂ ಟೂರ್ ಕಳೆದುಕೊಳ್ಳುವುದಿಲ್ಲ, ಅದರ ಮೇಲಿನ ಸಿಟ್ಟಿಗೆ ಬರುವ ಡಬಲ್ ಮತ್ತು ಟ್ರಿಪಲ್ ಬೋಗಿಗಳಿಂದ ಕಳೆದುಕೊಳ್ಳುತ್ತಾರೆ.

ಬೆಂಗಳೂರಿನಲ್ಲೇ ಬೆಳೆದ ಆಟಗಾರನಿಗೆ ಇನ್ನೊಂದು ತೊಡಕಿದೆ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳುವಾಗಿದೆ, ಹವೆ ಹಿತವಾಗಿದೆ. ಇಲ್ಲಿ 155 ಗಜ ಹೋಗುವ ನನ್ನ ಏಳನೇ ನಂಬರಿನ ಐರನ್ ಕೋಲಿನ ಹೊಡೆತ ಚೆನ್ನೈಯಲ್ಲೋ ಕೋಲ್ಕತ್ತದಲ್ಲೋ 150 ಗಜಕ್ಕೆ ನಿಲ್ಲುತ್ತದೆ. ಚಳಿಗಾಲದ ಬೆಳಿಗ್ಗೆ ಚಂಡೀಗಡದಲ್ಲಿ, ಮೈಮೇಲೆ ಎರಡು ಸ್ವೆಟರ್ ಇರುವಾಗ, ಅದಕ್ಕೂ ಹಿಂದೆ. ಐದು ಗಜ ಎಂದರೆ ಗ್ರೀನಿಗೂ ಅದರ ಮುಂದಿನ ಬಂಕರಿಗೂ ಇರುವ ವ್ಯತ್ಯಾಸ. ಆದ್ದರಿಂದ ಪ್ರತಿ ಊರಿನಲ್ಲಿ ಮೊದಲ ದಿನ ನಾನು ಮಾಡುವ ಕೆಲಸ, ಮೈದಾನದ ದೂರಗಳನ್ನು ತೋರಿಸುವ ಯಾರ್ಡೇಜ್ ಪುಸ್ತಕದ ಅಂಚಿನಲ್ಲಿ ಎಲ್ಲ ಐರನ್‌ಗಳ ದೂರವನ್ನು ಹೊಸದಾಗಿ ಬರೆದುಕೊಳ್ಳುವುದು. ದೆಹಲಿ ಗಾಲ್ಫ್ ಕ್ಲಬ್ಬಿನ ಕಥೆಯೇ ಬೇರೆ: ಇಕ್ಕೆಲಗಳಲ್ಲೂ ಪೊದೆ, ನಡುವೆ ಇಕ್ಕಟ್ಟಾದ ಫೇರ್‌ವೇ, ಅತಿ ದೂರ ಹೊಡೆಯುವ ಕೋಲಾದ ಡ್ರೈವರ್ ಚೀಲದಲ್ಲೇ ಉಳಿಯುತ್ತದೆ. ಅಂಥಲ್ಲಿ ನನಗೆ ಸಹಾಯಕ್ಕೆ ಬಂದದ್ದು ಹೈಗ್ರೌಂಡ್ಸ್ ಪಕ್ಕದ ಬೆಂಗಳೂರು ಗಾಲ್ಫ್ ಕ್ಲಬ್. 1876ರಷ್ಟು ಹಳೆಯದಾದ, ಊರು ಬೆಳೆದು ಸುತ್ತುವರಿದಿರುವ ಆ ಮೈದಾನ ಉದ್ದವಿಲ್ಲ ಎಂದು ಹುಡುಗರು ಮೂಗು ಮುರಿಯುತ್ತಾರೆ. ನನ್ನ ಪ್ರಕಾರ ಅಲ್ಲಿ ನೇರವಾಗಿ ಹೊಡೆಯಲು ಕಲಿತವನಿಗೆ ದೇಶದ ಯಾವ ಇಕ್ಕಟ್ಟಿನ ಮೈದಾನವೂ ಭಯ ಹುಟ್ಟಿಸುವುದಿಲ್ಲ.

ಕ್ಯೂ ಸ್ಕೂಲ್ ಎಂದು ಕರೆಯುವ ಅರ್ಹತಾ ಪಂದ್ಯದಲ್ಲಿ ಮೊದಲ ಹಂತ ದಾಟಿದವರು ಅಂತಿಮ ಹಂತದಲ್ಲಿ ನಾಲ್ಕು ಸುತ್ತು, ಅಂದರೆ 72 ಹೋಲ್ ಆಡಬೇಕು. ಮೇಲಿನ ಕೆಲವರಿಗೆ ಮಾತ್ರ ಕಾರ್ಡು ಸಿಗುತ್ತದೆ. ಅಲ್ಲಿ ಮೊದಲನೆಯ ಸ್ಥಾನಕ್ಕೂ ಕಾರ್ಡು ಸಿಗುವ ಕೊನೆಯ ಸ್ಥಾನಕ್ಕೂ ಫಲದಲ್ಲಿ ಹೆಚ್ಚು ಅಂತರವಿಲ್ಲ. ಹೀಗಾಗಿ ನನ್ನ ಕ್ಯಾಡಿ ಮತ್ತು ನಾನು ಒಂದು ಒಪ್ಪಂದ ಮಾಡಿಕೊಂಡೆವು: ನೀರು ಬಲಗಡೆ ಇದ್ದರೆ ಧ್ವಜ ಎಲ್ಲೇ ಇರಲಿ, ಗ್ರೀನಿನ ಎಡ ಅರ್ಧಕ್ಕೇ ಹೊಡೆಯುವುದು. ಮೂರನೆಯ ಸುತ್ತಿನಲ್ಲಿ ಗಾಳಿ ಎದ್ದಾಗ ಜೊತೆಗಿದ್ದವರು ಬರ್ಡಿಗಾಗಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಧ್ವಜದ ಕಡೆಗೇ ಹೊಡೆಯುತ್ತಿದ್ದರು. ನನಗೆ ಆ ದಿನ ಸ್ವಿಂಗ್ ಸರಿಯಾಗಿ ಬೀಳುತ್ತಿರಲಿಲ್ಲ, ಚೆಂಡು ಬಲಕ್ಕೆ ತಿರುಗುತ್ತಿತ್ತು. ಒಂದೂ ಡಬಲ್ ಬೋಗಿ ಇಲ್ಲದೆ ಪಾರ್‌ಗಿಂತ ಎರಡು ಹೆಚ್ಚು ಹೊಡೆದು ಸ್ಕೋರ್ ಕಾರ್ಡಿಗೆ ಸಹಿ ಹಾಕಿದೆ, ಸಂಜೆ ಪಟ್ಟಿ ನೋಡಿದರೆ ಹಿಂದಿನ ದಿನಕ್ಕಿಂತ ಮೇಲೆ ಇದ್ದೆ.

ಕಾರ್ಡು ಬಂದ ಮೇಲೆ ಶುರುವಾಗುವುದು ದುಡ್ಡಿನ ಆಟ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಸಂಬಳವಿಲ್ಲ. ಪ್ರವೇಶ ಶುಲ್ಕ, ರೈಲು ಅಥವಾ ವಿಮಾನದ ಟಿಕೆಟ್, ಇಬ್ಬರು ಮೂವರು ಹಂಚಿಕೊಳ್ಳುವ ಕೋಣೆ, ಕ್ಯಾಡಿಯ ವಾರದ ಕೂಲಿ, ಊಟ: ಇಷ್ಟನ್ನು ಕೈಯಿಂದ ಹಾಕಿ ವಾರ ಆರಂಭಿಸಬೇಕು. ಎರಡು ಸುತ್ತಿನ ನಂತರ ಕಟ್ ಬೀಳುತ್ತದೆ. ಅದರ ಕೆಳಗಿದ್ದವನಿಗೆ ಒಂದು ರೂಪಾಯಿಯೂ ಇಲ್ಲ. ಒಂದು ಕೋಟಿ ರೂಪಾಯಿ ಬಹುಮಾನದ ಪಂದ್ಯವೆಂದು ಪತ್ರಿಕೆಯಲ್ಲಿ ಬರುತ್ತದೆ, ಅದರಲ್ಲಿ ಸುಮಾರು 15 ಲಕ್ಷ ಗೆದ್ದವನಿಗೆ ಹೋಗುತ್ತದೆ. ಕೆಳಗೆ ಇಳಿದಂತೆಲ್ಲ ಪಾಲು ಕರಗುತ್ತದೆ, ತೆರಿಗೆ ಮುರಿದುಕೊಂಡೇ ಕೊಡುತ್ತಾರೆ, ಕ್ಯಾಡಿಯ ಪಾಲೂ ಅದರಲ್ಲೇ ಬರಬೇಕು. ಅಸ್ಸಾಮಿನ ಡಿಗ್ಬಾಯ್‌ವರೆಗೆ ಹೋಗಿ ಶುಕ್ರವಾರ ಸಂಜೆ ಚೀಲ ಕಟ್ಟುವುದು ಎಷ್ಟು ದುಬಾರಿ ಎನ್ನುವುದು ಅಲ್ಲಿಂದ ಹಿಂತಿರುಗುವ ಟಿಕೆಟ್ ಕೊಂಡವನಿಗೇ ಗೊತ್ತು. ನನ್ನ ಮೊದಲ ಋತುಗಳು ದಾಟಿದ್ದು ಒಬ್ಬ ಹಿತೈಷಿ ಉದ್ಯಮಿಯ ನೆರವಿನಿಂದ, ಮತ್ತು ಅಮ್ಮ ಚೀಟಿ ಎತ್ತಿ ಕೊಟ್ಟ ಹಣದಿಂದ. ಪ್ರಾಯೋಜಕತ್ವದ ಭರವಸೆ ಕೊಟ್ಟು ಒಂದು ಟೋಪಿಯನ್ನಷ್ಟೇ ಕಳುಹಿಸಿದ ಕಂಪನಿಯೂ ಇತ್ತು, ಟೋಪಿ ಚೆನ್ನಾಗಿತ್ತು.

ಕೆಟ್ಟ ದಿನದ ಆಟವೇ ಮುಖ್ಯ ಎಂಬ ನನ್ನ ಮಾತನ್ನು ಗಟ್ಟಿ ಮಾಡಿದ್ದು ಈ ಲೆಕ್ಕವೇ. ಒಂದು ವಾರ ಐದನೆಯವನಾಗಿ, ಉಳಿದ ವಾರಗಳಲ್ಲಿ ಕಟ್ ದಾಟದ ಆಟಗಾರ ಸುದ್ದಿಯಲ್ಲಿರುತ್ತಾನೆ, ಆದರೆ ಪ್ರತಿ ವಾರ ಕಟ್ ದಾಟಿ ಮೂವತ್ತರ ಆಸುಪಾಸಿನಲ್ಲಿ ಮುಗಿಸುವವನ ಖರ್ಚು ಹೇಗೋ ಹೊಂದಿಕೊಳ್ಳುತ್ತದೆ, ವರ್ಷದ ಗಳಿಕೆಯ ಆರ್ಡರ್ ಆಫ್ ಮೆರಿಟ್ ಪಟ್ಟಿಯಲ್ಲಿ ಸ್ಥಾನ ಉಳಿಯುತ್ತದೆ, ಮುಂದಿನ ವರ್ಷ ಮತ್ತೆ ಕ್ಯೂ ಸ್ಕೂಲಿಗೆ ಹೋಗುವ ಪ್ರಮೇಯ ಬರುವುದಿಲ್ಲ. ಗೆಲ್ಲುವ ಆಸೆ ನನಗೂ ಇದೆ, ಇಲ್ಲವೆಂದರೆ ಸುಳ್ಳಾದೀತು. ಗೆಲ್ಲುವ ವಾರ ಬರುವವರೆಗೆ ಆಡುತ್ತಿರಬೇಕಲ್ಲ.

ಈಗ ಪಂದ್ಯಗಳ ನಡುವಿನ ಬಿಡುವಿನಲ್ಲಿ ಮಕ್ಕಳಿಗೂ ಹೇಳಿಕೊಡುತ್ತೇನೆ. ಹೊಸಬರು ಬಂದಾಗ ಸ್ವಿಂಗಿನ ವಿಡಿಯೊ ತೋರಿಸಲು ಮೊಬೈಲ್ ತೆಗೆಯುತ್ತಾರೆ. ಅದಕ್ಕೆ ಮೊದಲು, ಆ ವರ್ಷ ಪಂದ್ಯಾವಳಿಗಳಲ್ಲಿ ಆಡಿದ ಅತಿ ಕೆಟ್ಟ ಸುತ್ತುಗಳ ಸ್ಕೋರ್ ಕಾರ್ಡುಗಳನ್ನು ತರಲು ಹೇಳುತ್ತೇನೆ, ಯಾವ ಹೋಲ್‌ನಲ್ಲಿ ಪಾರ್ ಮೇಲೆ ಎರಡಕ್ಕಿಂತ ಹೆಚ್ಚು ಹೊಡೆತ ಹೋಯಿತು, ಅದರ ಮುಂದಿನ ಹೋಲ್‌ನಲ್ಲಿ ಏನಾಯಿತು ಎಂದು ಜೊತೆಯಲ್ಲಿ ಕೂತು ನೋಡುತ್ತೇವೆ. ಹವ್ಯಾಸಿ ಸ್ಥಾನಮಾನವನ್ನು ಬಿಡುವ ಆತುರದಲ್ಲಿರುವವರಿಗೆ ನಿಯಮವನ್ನೂ ಓದಿಸುತ್ತೇನೆ. 2022ರಿಂದ ಹವ್ಯಾಸಿಗಳೂ ಒಂದು ಮಿತಿಯವರೆಗೆ ಬಹುಮಾನ ಪಡೆಯಲು ಅವಕಾಶವಿದೆ, ಹಾಗಾಗಿ ಸಣ್ಣ ಮೊತ್ತಕ್ಕಾಗಿ ಅವಸರದಲ್ಲಿ ವೃತ್ತಿಪರರಾಗುವ ಅಗತ್ಯ ಮೊದಲಿನಷ್ಟಿಲ್ಲ. ಒಮ್ಮೆ ವೃತ್ತಿಪರನಾಗಿ ಸ್ಪರ್ಧಿಸಿದರೆ, ಅಥವಾ ಹಣ ಪಡೆದು ಆಟ ಕಲಿಸಿದರೆ ಹವ್ಯಾಸಿ ಪಂದ್ಯಗಳ ಬಾಗಿಲು ಮುಚ್ಚುತ್ತದೆ. ಮತ್ತೆ ಒಳಗೆ ಬರಬೇಕಾದರೆ ಇಂಡಿಯನ್ ಗಾಲ್ಫ್ ಯೂನಿಯನ್‌ಗೆ ಅರ್ಜಿ ಕೊಟ್ಟು, ಅವರು ಹೇಳುವಷ್ಟು ಕಾಲ ಕಾಯಬೇಕು. ಡಿಗ್ರಿ ಪರೀಕ್ಷೆಗೆ ಇನ್ನೂ ಒಂದು ವರ್ಷ ಇರುವ ಹುಡುಗನಿಗೆ ನಾನು ಸಾಮಾನ್ಯವಾಗಿ ಹೇಳುವುದು, ಅದನ್ನು ಮುಗಿಸಿಕೊಂಡು ಆ ವರ್ಷ ಸಂಜೆಗಳಲ್ಲಿ ಎರಡು ಚೆಂಡಿನ ಆಟ ಆಡು, ಕ್ಯೂ ಸ್ಕೂಲಿನ ಅರ್ಜಿ ಮುಂದಿನ ಸಲ ಹಾಕೋಣ ಎಂದು.