ಸಿನಿಮಾ ಬಗ್ಗೆ ಇಂಗ್ಲಿಷಿನಲ್ಲಿ ಹರಟೋದನ್ನು ನಾನು ಕಲಿತದ್ದು ಹೀಗೆ

‘ಸಿನಿಮಾ ಮಾತಾಡಿದ್ರೆ ಇಂಗ್ಲಿಷ್ ಬರಲ್ಲ, ಮೊದಲು ಗ್ರಾಮರ್ ಗಟ್ಟಿ ಮಾಡ್ಕೋ’ ಅಂದವರೇ ಜಾಸ್ತಿ. ಸಂಪಾದಕೀಯ ಓದು, ದಿನಕ್ಕೆ ಹತ್ತು ಹೊಸ ಪದ ಬರೆದಿಟ್ಟುಕೋ ಅಂದರು. ಅದನ್ನೆಲ್ಲ ವರ್ಷಗಟ್ಟಲೆ ಮಾಡಿದವಳೇ ನಾನು. ಈಗ ನೋಡಿದ ಯಾವ ಸಿನಿಮಾ ಬಗ್ಗೆಯಾದರೂ ಇಂಗ್ಲಿಷಿನಲ್ಲಿ ಹತ್ತು ನಿಮಿಷ ತಡವರಿಸದೆ ಮಾತಾಡುತ್ತೇನೆ. ಎದುರಿನವರು ಒಪ್ಪದಿದ್ದರೆ ವಾದಕ್ಕೂ ಕೂರುತ್ತೇನೆ. ಇದು ಬಂದದ್ದು ಸಿನಿಮಾ ಹರಟೆಯಿಂದಲೇ. ಸಬ್‌ಟೈಟಲ್, ಫ್ಲ್ಯಾಶ್‌ಕಾರ್ಡ್ ಆ್ಯಪ್ (ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಇರುವ ಕಾರ್ಡುಗಳದ್ದು), ಫೋನಿನಲ್ಲಿ ರೆಕಾರ್ಡ್ ಮಾಡೋದು ಇವೆಲ್ಲ ನಿಮಗೆ ಗೊತ್ತಿರುವುದೇ. ಅವನ್ನು ಮತ್ತೆ ವಿವರಿಸುವುದಿಲ್ಲ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳಿಬಿಡುತ್ತೇನೆ. ಎಲ್ಲರೂ ಮಾಡುವಂತೆ ಇಂಗ್ಲಿಷ್ ಸಿನಿಮಾ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ ಡೈಲಾಗ್ ಬರೆದುಕೊಂಡೆ. ನೋಟ್‌ಬುಕ್ ತುಂಬಿತು, ಬಾಯಿ ತೆರೆಯಲಿಲ್ಲ. ಯಾಕೆ ಅಂತ ಹೊಳೆಯಲು ತುಂಬ ಕಾಲ ಹಿಡಿಯಿತು. ಸಿನಿಮಾದೊಳಗಿನ ಮಾತೇ ಬೇರೆ, ಸಿನಿಮಾ ಬಗ್ಗೆ ಆಡುವ ಮಾತೇ ಬೇರೆ. ಪೊಲೀಸ್ ಕಥೆಯಲ್ಲಿ ‘ಫ್ರೀಜ್’, ‘ಕವರ್ ಮಿ’ ಅಂತ ಕೂಗುತ್ತಾರೆ. ಅದನ್ನು ನೋಡಿ ಎದ್ದವರು ಹೇಳುವುದು ‘ಇಟ್ ಡ್ರ್ಯಾಗ್ಸ್ ಇನ್ ದ ಮಿಡ್ಲ್’, ‘ಐ ಸಾ ದಟ್ ಕಮಿಂಗ್’ (ಹೀಗಾಗುತ್ತೆ ಅಂತ ಮೊದಲೇ ಗೊತ್ತಿತ್ತು), ‘ಐ ಡಿಡಂಟ್ ಬೈ ದಿ ಎಂಡಿಂಗ್’ (ಕೊನೆ ನಂಬುವಂತಿರಲಿಲ್ಲ). ಇಂಥ ಮಾತು ಪರದೆಯ ಮೇಲಿನ ಪೊಲೀಸರ ಬಾಯಲ್ಲಿ ಯಾಕೆ ಬರುತ್ತೆ? ಸಾವಿರ ಸಿನಿಮಾ ನೋಡಿ ಡೈಲಾಗ್ ಬಾಯಿಪಾಠ ಮಾಡಿದವರೂ ಅದರ ಬಗ್ಗೆ ಮಾತಾಡಲು ಹೋದಾಗ ‘ನೈಸ್ ಮೂವಿ’ ಅಂದು ಸುಮ್ಮನಾಗುವುದು ಇದಕ್ಕೇ.

ಆಮೇಲೆ ಒಂದು ಸ್ಪೋಕನ್ ಇಂಗ್ಲಿಷ್ ಕೋರ್ಸ್ ಸೇರಿದೆ. ಫೀಸು ಹೆಚ್ಚುಕಡಿಮೆ ಒಂದು ತಿಂಗಳ ಸಂಬಳದ ಮುಕ್ಕಾಲು ಭಾಗ. ಅಲ್ಲಿ ಇಡಿಯಂಗಳ, ಅಂದರೆ ನುಡಿಗಟ್ಟುಗಳ ಪಟ್ಟಿ ಕೊಟ್ಟರು, 500ಕ್ಕೂ ಹೆಚ್ಚು ಇದ್ದವು, ಎಬಿಸಿಡಿ ಕ್ರಮದಲ್ಲಿ. ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಥರದವು. ಆ ಪಟ್ಟಿಯಲ್ಲಿ ನಾನು ಇವತ್ತಿಗೂ ಬಳಸುವವು ಹತ್ತು ಹನ್ನೆರಡು ಇರಬಹುದು. ನಂತರ ಗಂಟೆ ಲೆಕ್ಕದ ಟ್ಯೂಟರ್. ಅವರು ಒಳ್ಳೆಯವರೇ. ಆದರೆ ಗಂಟೆಯಲ್ಲಿ ಮುಕ್ಕಾಲು ಪಾಲು ಅವರೇ ಮಾತಾಡುತ್ತಿದ್ದರು, ದುಡ್ಡು ನನ್ನದು. ಎರಡು ಆ್ಯಪ್‌ಗಳ ವರ್ಷದ ಚಂದಾ ಬೇರೆ. ಎಲ್ಲ ಸೇರಿಸಿದರೆ ಒಂದು ಒಳ್ಳೆಯ ಫೋನೇ ಬರುತ್ತಿತ್ತು.

ಕೊನೆಗೆ ಕೈಹಿಡಿದದ್ದು ಖರ್ಚೇ ಇಲ್ಲದ ದಾರಿ. ಮಾತೃಭಾಷೆಯಲ್ಲಿ ನೋಡಿ, ಯಾರ ಜೊತೆಗಾದರೂ ಜಗಳವಾಡುವಷ್ಟು ಇಷ್ಟಪಟ್ಟ ಅಥವಾ ಬೈದುಕೊಂಡ ಸಿನಿಮಾ ಒಂದನ್ನು ತಗೊಳ್ಳಿ. ಇಂಗ್ಲಿಷ್ ಸಿನಿಮಾನೇ ಆಗಬೇಕಿಲ್ಲ, ಆಗದಿದ್ದರೇ ಒಳ್ಳೆಯದು. ಹೇಳಬೇಕಾದ ವಿಷಯ ತಲೆಯಲ್ಲಿ ಮೊದಲೇ ತುಂಬಿರುತ್ತೆ, ಮಾತು ಹುಡುಕುವುದಷ್ಟೇ ಉಳಿಯುತ್ತೆ. ಅದರ ಬಗ್ಗೆ ಫೋನಿಗೆ ಇಂಗ್ಲಿಷಿನಲ್ಲಿ ನಾಲ್ಕು ನಿಮಿಷ ಹೇಳಿ. ಅದನ್ನೇ ಮೂರು ನಿಮಿಷದಲ್ಲಿ ಹೇಳಿ. ಮತ್ತೆ ಎರಡರಲ್ಲಿ. ಈ 4-3-2 ನನ್ನ ಕಲ್ಪನೆಯಲ್ಲ. ಭಾಷೆ ಕಲಿಸುವವರ ನಡುವೆ 1980ರ ದಶಕದಿಂದ ಇದೆ, ನ್ಯೂಜಿಲೆಂಡಿನ ಭಾಷಾಕಲಿಕೆ ತಜ್ಞ ಪಾಲ್ ನೇಷನ್ ಅದರ ಬಗ್ಗೆ ಬರೆದಿದ್ದಾರೆ. ಅವರು ಹೇಳುವುದು ಪ್ರತಿ ಸಲವೂ ಹೊಸ ಕೇಳುಗರ ಮುಂದೆ ಮಾತಾಡಬೇಕು ಅಂತ. ನನಗೆ ಕೇಳುಗರು ಸಿಗಲಿಲ್ಲ, ಫೋನೇ ಸಾಕಾಯಿತು.

ನಾನು ಸೇರಿಸಿದ್ದು ಇದರ ಮುಂದಿನ ಕೆಲಸ. ಮೊದಲ ರೆಕಾರ್ಡಿಂಗ್ ಕೇಳುತ್ತಾ ಎಲ್ಲೆಲ್ಲಿ ತಡೆದೆನೋ ಅಲ್ಲಿ ನಾನು ಹೇಳಬೇಕೆಂದಿದ್ದನ್ನು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ‘ಮಧ್ಯದಲ್ಲಿ ಎಳೆದಿದ್ದಾರೆ.’ ‘ಅವಳು ಗೆಲ್ಲಲಿ ಅಂತ ಒಳಗೊಳಗೇ ಹಾರೈಸುತ್ತಿದ್ದೆ.’ ‘ಆ ಮುದುಕ ಇಡೀ ಸಿನಿಮಾನೇ ತಿಂದುಹಾಕಿದ.’ ‘ತಲೆಬುಡ ಗೊತ್ತಾಗಲಿಲ್ಲ.’ ಈ ತೂತುಗಳೇ ನನ್ನ ಪಾಠ. ಇವುಗಳ ಇಂಗ್ಲಿಷ್ ಹುಡುಕಲು ನಿಘಂಟಿಗೆ ಹೋಗುವುದಿಲ್ಲ, ಮಾಮೂಲಿ ಪ್ರೇಕ್ಷಕರು ಬರೆದ ವಿಮರ್ಶೆಗಳಿಗೆ ಹೋಗುತ್ತೇನೆ. ‘ಡ್ರ್ಯಾಗ್ಸ್’ ಅಲ್ಲೇ ಸಿಕ್ಕಿತು. ‘ಐ ವಾಸ್ ರೂಟಿಂಗ್ ಫಾರ್ ಹರ್’, ‘ಹಿ ಸ್ಟೀಲ್ಸ್ ದ ಶೋ’, ‘ಕುಡಂಟ್ ಮೇಕ್ ಹೆಡ್ ಆರ್ ಟೇಲ್ ಆಫ್ ಇಟ್’ ಕೂಡ. ಫ್ಲ್ಯಾಶ್‌ಕಾರ್ಡಿನ ಮುಂಭಾಗದಲ್ಲಿ ನನ್ನ ಕನ್ನಡದ ಮಾತು, ಹಿಂಭಾಗದಲ್ಲಿ ಅವರ ಪೂರ್ತಿ ವಾಕ್ಯ. ಬಿಡಿ ಪದದ ಕಾರ್ಡ್ ಮಾಡಲೇಬೇಡಿ. ‘ಎಡ್ಜ್’ ಅಂತ ಕಾರ್ಡ್ ಮಾಡಿದರೆ ಅಂಚು ಅಂತ ನೆನಪಾಗುತ್ತೆ, ಅಷ್ಟೇ. ‘ಇಟ್ ಕೆಪ್ಟ್ ಮಿ ಆನ್ ದಿ ಎಡ್ಜ್ ಆಫ್ ಮೈ ಸೀಟ್’ (ತುದಿಗಾಲಲ್ಲಿ ನಿಲ್ಲಿಸಿತು) ಅಂತ ಇಡಿಯಾಗಿ ಇಟ್ಟುಕೊಂಡರೆ ಬಾಯಿಗೆ ಬರುತ್ತೆ. 

ಯಾವ ವಿಮರ್ಶೆ ಓದಬೇಕು ಅನ್ನುವುದೂ ಮುಖ್ಯ. ಐದು ಸ್ಟಾರಿನವು ಬರೀ ಹೊಗಳಿಕೆ, ಒಂದು ಸ್ಟಾರಿನವು ಬರೀ ಬೈಗುಳ. ಎರಡರಲ್ಲೂ ಮಾತು ಬಡವಾಗಿರುತ್ತೆ. ಮೂರು ಸ್ಟಾರ್ ಕೊಟ್ಟವರು ಕಾರಣ ಹೇಳಲೇಬೇಕು, ‘ಬಟ್’ ಬರಲೇಬೇಕು. ‘ದಿ ಆ್ಯಕ್ಟಿಂಗ್ ಈಸ್ ಸಾಲಿಡ್, ಬಟ್ ದ ಸ್ಟೋರಿ ನೆವರ್ ರಿಯಲಿ ಗೋಸ್ ಎನಿವೇರ್.’ ಹರಟೆಯ ಇಂಗ್ಲಿಷ್ ಬಹುಪಾಲು ಇಲ್ಲೇ ಇದೆ. ಮೆಲ್ಲಗೆ ತೆಗಳುವ ಕಲೆಯೂ ಇಲ್ಲೇ ಸಿಗುತ್ತೆ. ‘ಇಟ್ ಹ್ಯಾಡ್ ಇಟ್ಸ್ ಮೊಮೆಂಟ್ಸ್’ ಅಂದರೆ ಹೊಗಳಿದರು ಅಂತ ಬಹಳ ಜನ ತಿಳಿಯುತ್ತಾರೆ. ಅಲ್ಲ, ಅಲ್ಲೊಂದು ಇಲ್ಲೊಂದು ಚೆನ್ನಾಗಿತ್ತು, ಒಟ್ಟಾರೆ ಅಷ್ಟಕ್ಕಷ್ಟೆ ಅಂತ. ‘ಇಟ್ ಗ್ರೋಸ್ ಆನ್ ಯು’ (ಬರಬರುತ್ತಾ ಇಷ್ಟವಾಗುತ್ತೆ) ನಿಜವಾದ ಹೊಗಳಿಕೆ. ‘ನಾಟ್ ಮೈ ಕಪ್ ಆಫ್ ಟೀ’ ಅಂದರೆ ಸಿನಿಮಾ ಕೆಟ್ಟದ್ದು ಅಂತಲ್ಲ, ನನ್ನ ರುಚಿಯದ್ದಲ್ಲ ಅಂತ. ವಾದ ಬೇಡ ಅನಿಸಿದಾಗ ನಾನು ಇದನ್ನೇ ಬಳಸುತ್ತೇನೆ.

ಕಥೆ ಹೇಳುವ ಕಡೆಗೆ ಬರೋಣ. ನಾವು ಕನ್ನಡದಲ್ಲಿ ‘ಅವನು ಹೋದ, ಇವಳು ಅತ್ತಳು’ ಅಂತ ಹೇಳಿಕೊಂಡು ಹೋಗುತ್ತೇವೆ. ಇಂಗ್ಲಿಷಿನವರು ಸಿನಿಮಾ ಕಥೆಯನ್ನು ವರ್ತಮಾನದಲ್ಲಿ ಹೇಳುತ್ತಾರೆ: ‘ಶಿ ಫೈಂಡ್ಸ್ ದ ಲೆಟರ್ ಆ್ಯಂಡ್ ಲೀವ್ಸ್.’ ನೋಡುವಾಗ ನಮಗೆ ಹೇಗನಿಸಿತು ಅನ್ನುವುದಕ್ಕೆ ಭೂತಕಾಲ: ‘ಐ ವಾಸ್ ಹುಕ್ಡ್’, ಅಂದರೆ ಅದರಲ್ಲೇ ಮುಳುಗಿಹೋದೆ. ಈ ಎರಡನ್ನು ಬೇರೆ ಮಾಡಿಕೊಂಡ ಮೇಲೆ ನನ್ನ ಮಾತಿನ ಗೊಂದಲ ಅರ್ಧ ಹೋಯಿತು. ಇನ್ನು ಕಥೆಯನ್ನು ಹೊತ್ತು ನಡೆಸುವ ಜೋಡಿ ‘ಟರ್ನ್ಸ್ ಔಟ್’ ಮತ್ತು ‘ಎಂಡ್ಸ್ ಅಪ್’. ‘ಟರ್ನ್ಸ್ ಔಟ್ ದ ನೇಬರ್ ಈಸ್ ಹಿಸ್ ಫಾದರ್, ಆ್ಯಂಡ್ ದೆ ಎಂಡ್ ಅಪ್ ರನಿಂಗ್ ದ ಶಾಪ್ ಟುಗೆದರ್.’ ಕನ್ನಡದ ‘ಆಮೇಲೆ ನೋಡಿದ್ರೆ’, ‘ಕೊನೆಗೆ’ ಮಾಡುವ ಕೆಲಸವನ್ನೆಲ್ಲ ಇವೇ ಮಾಡುತ್ತವೆ. ಶುರು ಮಾಡಲು ‘ಇಟ್ಸ್ ಅಬೌಟ್ ಎ ವುಮನ್ ಹೂ...’ ಸಾಕು. ‘ಪ್ರೊಟ್ಯಾಗನಿಸ್ಟ್’ ಅಂತ ಹರಟೆಯಲ್ಲಿ ಅಂದರೆ ಕ್ಲಾಸ್‌ರೂಮಿನ ವಾಸನೆ. ‘ದ ಮೇನ್ ಕ್ಯಾರೆಕ್ಟರ್’ ಅನ್ನಿ, ಇಲ್ಲವೇ ‘ದ ಲೀಡ್’.

ಒಂದೇ ಸಿನಿಮಾದ ಬಗ್ಗೆ ನನ್ನ ಎರಡು ರೆಕಾರ್ಡಿಂಗ್ ಇನ್ನೂ ಫೋನಿನಲ್ಲಿವೆ. ಅಣ್ಣತಮ್ಮಂದಿರ ಜಗಳದ ಕಥೆ ಅದು. ಮೊದಲನೆಯದರಲ್ಲಿ: ‘ಸ್ಟೋರಿ ವಾಸ್ ಗುಡ್. ಸ್ಟಾರ್ಟಿಂಗ್ ವಾಸ್ ಸ್ಲೋ. ಆಫ್ಟರ್ ಬ್ರದರ್ ಕಮಿಂಗ್ ಇಟ್ ವಾಸ್ ವೆರಿ ಗುಡ್.’ ಸುಮಾರು ಎರಡು ತಿಂಗಳ ನಂತರ: ‘ಇಟ್ ಟೇಕ್ಸ್ ಎ ವೈಲ್ ಟು ಗೆಟ್ ಗೋಯಿಂಗ್, ಬಟ್ ಒನ್ಸ್ ದ ಬ್ರದರ್ ಶೋಸ್ ಅಪ್, ಐ ವಾಸ್ ಹುಕ್ಡ್. ದಿ ಎಂಡಿಂಗ್ ಫೆಲ್ಟ್ ರಷ್ಡ್, ದೋ.’ ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ. ಎಲ್ಲ ಚಿಕ್ಕ ಮಕ್ಕಳಿಗೂ ಗೊತ್ತಿರುವ ಪದಗಳು, ಜೋಡಣೆ ಮಾತ್ರ ಇಂಗ್ಲಿಷಿನವರದು. ಇದನ್ನು ಕೇಳಿಸಿದಾಗ ‘ಗ್ರಾಮರ್ ಮೊದಲು’ ಅಂದಿದ್ದ ಸ್ನೇಹಿತೆ ಮಾರನೇ ದಿನವೇ ತಾನೂ ರೆಕಾರ್ಡ್ ಮಾಡಲು ಶುರು ಮಾಡಿದಳು.

ಟ್ಯೂಟರನ್ನು ನಾನು ಪೂರ್ತಿ ಬಿಡಲಿಲ್ಲ, ಬಳಸುವ ರೀತಿ ಬದಲಿಸಿದೆ. ಎರಡು ನಿಮಿಷದ ಮಾತನ್ನು ಟೈಪ್ ಮಾಡಿ ಕಳಿಸುತ್ತೇನೆ, ಅವರು ತಿದ್ದಿ ಕಳಿಸುತ್ತಾರೆ. ಎದುರು ಕೂತ ಒಂದು ಗಂಟೆಯ ಫೀಸಿಗೆ ಇಂಥ ಐದಾರು ಮಾತು ತಿದ್ದಿಸಬಹುದು. ತಿಂಗಳ ಖರ್ಚು ಮೊದಲಿನ ಕಾಲು ಭಾಗಕ್ಕೆ ಇಳಿಯಿತು. ಒಂದು ಷರತ್ತು ಹಾಕಿದ್ದೆ: ತಪ್ಪು ಮಾತ್ರ ತಿದ್ದಬೇಡಿ, ‘ಸರಿ ಇದೆ, ಆದರೆ ಯಾರೂ ಹೀಗೆ ಹೇಳಲ್ಲ’ ಅನ್ನುವ ಕಡೆಯೂ ಗೆರೆ ಎಳೆಯಿರಿ. ಲಾಭ ಬಂದದ್ದು ಆ ಗೆರೆಗಳಿಂದಲೇ.

ನಡುವೆ ಒಂದಷ್ಟು ಪ್ರಯೋಗ ಮಾಡಿದೆ. ಕಣ್ಣು ಕಾಣದವರಿಗಾಗಿ ಎಷ್ಟೋ ಸಿನಿಮಾಗಳಲ್ಲಿ ಆಡಿಯೋ ಡಿಸ್ಕ್ರಿಪ್ಷನ್ ಟ್ರ್ಯಾಕ್, ಅಂದರೆ ಪರದೆಯ ಮೇಲೆ ನಡೆಯುವುದನ್ನು ಮಾತಿನಲ್ಲಿ ವಿವರಿಸುವ ಧ್ವನಿ ಇರುತ್ತೆ. ಪರದೆ ಆರಿಸಿ ಅದನ್ನು ಕೇಳಿದೆ. ‘ಶಿ ಗ್ಲಾನ್ಸಸ್ ಅಟ್ ದ ಡೋರ್’, ‘ಹಿ ಶ್ರಗ್ಸ್’ ಇಂಥವು ಮಳೆಯಂತೆ ಸುರಿಯುತ್ತವೆ. ನೋಟ, ನಡಿಗೆ, ಕೈಬಾಯಿ ಸನ್ನೆಗಳಿಗೆ ಇಷ್ಟೊಂದು ಕ್ರಿಯಾಪದ ಬೇರೆಲ್ಲೂ ನನಗೆ ಒಟ್ಟಿಗೆ ಸಿಕ್ಕಿಲ್ಲ. ದೃಶ್ಯ ವರ್ಣಿಸುವಾಗ ಇವು ತುಂಬ ಉಪಯೋಗಕ್ಕೆ ಬಂದವು. ಮೂಕಿ ಸಿನಿಮಾ ಹಾಕಿಕೊಂಡು ನಾನೇ ಕಾಮೆಂಟರಿ ಕೊಟ್ಟು ನೋಡಿದೆ, ಹತ್ತು ನಿಮಿಷಕ್ಕೆ ಗಂಟಲು ಒಣಗಿತು, ಕಲಿತದ್ದು ಕಡಿಮೆ. ‘ರೆಡ್ ಹೆರಿಂಗ್’ (ದಾರಿ ತಪ್ಪಿಸುವ ಸುಳಿವು), ನಿರ್ದೇಶಕ ಹಿಚ್‌ಕಾಕ್ ಪ್ರಸಿದ್ಧ ಮಾಡಿದ ‘ಮ್ಯಾಕ್‌ಗಫಿನ್’ (ಪಾತ್ರಗಳೆಲ್ಲ ಬೆನ್ನುಹತ್ತುವ, ಕಥೆ ಓಡಿಸುವುದಕ್ಕಷ್ಟೇ ಇರುವ ವಸ್ತು) ಥರದ ಪದಗಳನ್ನೂ ಒಂದಷ್ಟು ದಿನ ಕಲೆಹಾಕಿದೆ. ತಿಳಿದಿದ್ದರೆ ಚೆಂದ, ಆದರೆ ಅಪರೂಪಕ್ಕೆ ಬಳಕೆ. ‘ಸ್ಪಾಯ್ಲರ್’ (ಕಥೆಯ ಗುಟ್ಟು ಬಿಟ್ಟುಕೊಡುವ ಮಾತು), ‘ಪ್ಲಾಟ್ ಹೋಲ್’ (ಕಥೆಯಲ್ಲಿನ ತರ್ಕದೋಷ), ‘ಲೂಸ್ ಎಂಡ್ಸ್’ (ಬಿಡಿಸದೆ ಉಳಿದ ಎಳೆಗಳು), ‘ಕ್ಲಿಫ್‌ಹ್ಯಾಂಗರ್’ (ಕುತೂಹಲದಲ್ಲೇ ನಿಲ್ಲಿಸುವ ಕೊನೆ) ಇವು ಮಾತ್ರ ಹೋದಲ್ಲೆಲ್ಲ ಬೇಕು.

ಈಗ ನನ್ನ ಹತ್ತಿರ ಸುಮಾರು 400 ಕಾರ್ಡ್ ಇರಬಹುದು. ವಾರಕ್ಕೆ ಹತ್ತಕ್ಕಿಂತ ಜಾಸ್ತಿ ಸೇರಿಸುವುದಿಲ್ಲ. ಪುಟ್ಟ ಗುಂಪೊಂದು ಕಟ್ಟಿದ್ದೇನೆ, ಭಾನುವಾರ ಕರೆಯಲ್ಲಿ ಸೇರುತ್ತೇವೆ. ಇಬ್ಬರು ಇದೇ ದಾರಿಯಲ್ಲಿ ನನಗಿಂತ ಬೇಗ ಮಾತಿಗಿಳಿದರು. ಹೊಸಬರಿಗೆ ಮೊದಲ ಮೂರು ಸಿನಿಮಾಗಳನ್ನು ಯಾವ ಕ್ರಮದಲ್ಲಿ ಕೊಡಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಗುಂಪಿನ ಮೇಲೆ ಇನ್ನಷ್ಟು ಪರೀಕ್ಷೆ ಮಾಡಬೇಕಿದೆ. ಸಣ್ಣಕತೆಗಳಿಗೂ ಇದೇ 4-3-2 ಹಾಕಿ ನೋಡುತ್ತಿದ್ದೇವೆ. ಪುಸ್ತಕದ ಹರಟೆಗೆ ‘ಪೇಜ್ ಟರ್ನರ್’ (ಬಿಡದೆ ಓದಿಸುವ ಪುಸ್ತಕ), ‘ಕುಡಂಟ್ ಪುಟ್ ಇಟ್ ಡೌನ್’ (ಕೆಳಗಿಡಲು ಆಗಲಿಲ್ಲ), ‘ಐ ಕುಡಂಟ್ ಗೆಟ್ ಇನ್‌ಟು ಇಟ್’ (ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ) ಬೇಗ ಹತ್ತಿದವು. ಕಥೆಗಾರರ ಶೈಲಿಯ ಬಗ್ಗೆ ಮಾತಾಡುವಾಗ ಮಾತ್ರ ಎಲ್ಲರೂ ಇನ್ನೂ ತಡೆಯುತ್ತೇವೆ. ಮುಂದಿನ ತಿಂಗಳಿನ ತೂತುಗಳ ಪಟ್ಟಿ ಅಲ್ಲಿಂದಲೇ ಶುರು.