ಹಳೆ ಗಾಜಿಗೆ ದೆವ್ವದ ಕಳೆ

ಅಕ್ಟೋಬರ್ ಬಂತೆಂದರೆ ಅಮೆರಿಕದ ಬೀದಿಬೀದಿಯಲ್ಲೂ ಕುಂಬಳಕಾಯಿ, ಅಸ್ಥಿಪಂಜರ, ಜೇಡರಬಲೆ. 31ಕ್ಕೆ ಹ್ಯಾಲೊವೀನ್. ಇಲ್ಲಿನ ಕನ್ನಡದ ಮನೆಗಳಲ್ಲಿ ಮಕ್ಕಳ ಹಠಕ್ಕೆ ಶುರುವಾದ ಅಲಂಕಾರದಲ್ಲಿ ಈಗ ದೊಡ್ಡವರಿಗೇ ಹುರುಪು ಜಾಸ್ತಿ. ಪ್ಲಾಸ್ಟಿಕ್ ತಲೆಬುರುಡೆಗೆ ದುಡ್ಡು ಸುರಿಯುವ ಬದಲು ಸೆಕೆಂಡ್‌ಹ್ಯಾಂಡ್ ಗಾಜಿನ ಸಾಮಾನು ತಂದು ನೀವೇ ಮಾಡಿ. ಅಗ್ಗ, ಚೆಂದ, ಮುಂದಿನ ವರ್ಷಕ್ಕೂ ಬರುತ್ತದೆ.

ಆದರೆ ಪ್ರತಿ ವರ್ಷವೂ ಒಂದೇ ತಪ್ಪು ನೋಡುತ್ತೇನೆ. ಒಳ್ಳೆ ಗಾಜು ತರುತ್ತಾರೆ, ಹೊರಗಡೆಯಿಂದ ದಪ್ಪಗೆ ಬಣ್ಣ ಬಳಿಯುತ್ತಾರೆ. ಕೊನೆಗೆ ಅದು ಗಾಜೋ ತಗಡೋ ಗೊತ್ತಾಗುವುದಿಲ್ಲ. ಬೆಳಕು ಅರ್ಧಂಬರ್ಧ ತೂರಿ ಬಂದರೆ ಮಾತ್ರ ಗಾಜು ನೋಡಿ ಮೈ ಜುಮ್ಮೆನ್ನುವುದು. ಆ ಬೆಳಕನ್ನು ಉಳಿಸಿಕೊಳ್ಳುವುದೇ ಇಲ್ಲಿರುವ ಕೆಲಸ.

ಏನು ತರಬೇಕು

ಗುಡ್‌ವಿಲ್, ಸಾಲ್ವೇಷನ್ ಆರ್ಮಿಯಂಥ ಥ್ರಿಫ್ಟ್ ಸ್ಟೋರ್‌ಗಳಿಗೆ ಹೋಗಿ. ಊರಿನ ಗರಾಜ್ ಸೇಲ್‌ಗಳೂ ಆಗುತ್ತವೆ. ಹೂದಾನಿ, ಕ್ಯಾಂಡಲ್ ಸ್ಟ್ಯಾಂಡ್, ಮುಚ್ಚಳವಿರುವ ಜಾಡಿ, ಉದ್ದ ಕತ್ತಿನ ಸೀಸೆ ಆರಿಸಿ. ಬಣ್ಣ ಹಾಕುವುದಕ್ಕಾದರೆ ಪಾರದರ್ಶಕ ಗಾಜೇ ಬೇಕು, ಮಬ್ಬು ಗಾಜು ಬೇಡ. ಬಾಯಿ ಅಗಲ ಇರಲಿ, ನಿಮ್ಮ ಕೈ ಒಳಗೆ ಹೋಗುವಷ್ಟು. ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಬಿಟ್ಟುಬಿಡಿ, ಮಕ್ಕಳಿರುವ ಮನೆ.

ಜೇಬಿನಲ್ಲಿ ಒಂದು ಪುಟ್ಟ ಅಲ್ಟ್ರಾವಯೊಲೆಟ್ ಟಾರ್ಚ್ ಇಟ್ಟುಕೊಂಡು ಹೋಗಿ. ಹಳದಿ ಮಿಶ್ರಿತ ಹಸಿರು ಬಣ್ಣದ ಹಳೆಯ ಬಟ್ಟಲು ಕಂಡರೆ ಟಾರ್ಚ್ ಬಿಡಿ. ಕಣ್ಣಿಗೆ ರಾಚುವಂತೆ ಹಸಿರಾಗಿ ಹೊಳೆದರೆ ಅದು ಯುರೇನಿಯಂ ಗಾಜು. ಗಾಜಿಗೆ ಬಣ್ಣ ಬರಲೆಂದು ಚೂರು ಯುರೇನಿಯಂ ಬೆರೆಸುತ್ತಿದ್ದ ಕಾಲವಿತ್ತು. 1930ರ ದಶಕದ ಅಂಥ ಪಾತ್ರೆಗಳು ಇಂದಿಗೂ ಸಿಗುತ್ತವೆ. ಶೋಕೇಸಿನಲ್ಲಿ ಇಡುವುದಕ್ಕೆ ಅಡ್ಡಿಯಿಲ್ಲ, ಆದರೆ ಅದರಲ್ಲಿ ತಿನ್ನುವುದು, ಕುಡಿಯುವುದು ಬೇಡ. ಅದಕ್ಕೆ ದಯವಿಟ್ಟು ಬಣ್ಣ ಬಳಿಯಬೇಡಿ. ಕತ್ತಲ ಕೋಣೆಯಲ್ಲಿ ಒಂದು ಬ್ಲ್ಯಾಕ್ ಲೈಟ್, ಅಂದರೆ ಅಲ್ಟ್ರಾವಯೊಲೆಟ್ ದೀಪ, ಹಚ್ಚಿಟ್ಟರೆ ಸಾಕು, ಬೇರೆ ಅಲಂಕಾರವೇ ಬೇಕಿಲ್ಲ.

ತೊಳೆಯುವುದು

ಬಿಸಿನೀರು, ಪಾತ್ರೆ ಸೋಪು. ಬೆಲೆಯ ಚೀಟಿಯ ಅಂಟು ಹೋಗದಿದ್ದರೆ ಕೊಬ್ಬರಿ ಎಣ್ಣೆಗೆ ಅಡುಗೆ ಸೋಡಾ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಉಜ್ಜಿ, ಮತ್ತೆ ಸೋಪು ಹಾಕಿ ತೊಳೆಯಿರಿ. ಚೆನ್ನಾಗಿ ಒಣಗಿದ ಮೇಲೆ ಒಳಭಾಗವನ್ನು ರಬ್ಬಿಂಗ್ ಆಲ್ಕೋಹಾಲ್‌ನಿಂದ ಒರೆಸಿ. ಇದೊಂದನ್ನು ತಪ್ಪಿಸಬೇಡಿ. ಬೆರಳಿನ ಜಿಡ್ಡು ಉಳಿದರೆ ಬಣ್ಣ ಅಲ್ಲೇ ಸಿಪ್ಪೆಯ ಹಾಗೆ ಏಳುತ್ತದೆ.

ಪಾದರಸದ ಬಣ್ಣ: ಎಲ್ಲರೂ ಎಡವುವ ಜಾಗ

ಹಳೆಯ ಬಂಗಲೆಯ ಮಾಸಿದ ಕನ್ನಡಿ ನೋಡಿದ್ದೀರಲ್ಲ? ಅಲ್ಲಲ್ಲಿ ಬೆಳ್ಳಿ, ಅಲ್ಲಲ್ಲಿ ಕಪ್ಪು ಕಲೆ. ನಮ್ಮ ಗಾಜಿಗೆ ಬರಬೇಕಾದ ಕಳೆ ಅದು. ಇಂಗ್ಲಿಷಿನಲ್ಲಿ ಮರ್ಕ್ಯುರಿ ಗ್ಲಾಸ್ ಎನ್ನುತ್ತಾರೆ, ಪಾದರಸ ಹೆಸರಿಗೆ ಮಾತ್ರ. ಮೂಲದಲ್ಲಿ ಇದನ್ನು ಎರಡು ಪದರದ ಗಾಜಿನ ನಡುವೆ ಬೆಳ್ಳಿಯ ದ್ರಾವಣ ಸುರಿದು ಮಾಡುತ್ತಿದ್ದರು. ಇಂಗ್ಲೆಂಡಿನಲ್ಲಿ 1849ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಆಗಿತ್ತು. ನಮಗೆ ಸ್ಪ್ರೇ ಡಬ್ಬಿ ಸಾಕು.

ಡಬ್ಬಿ ಕೊಳ್ಳುವಾಗ ಹುಷಾರು. ಸಿಲ್ವರ್, ಕ್ರೋಮ್, ಮೆಟಾಲಿಕ್ ಎಂದು ಬರೆದ ಸಾಮಾನ್ಯ ಸ್ಪ್ರೇ ಇದಕ್ಕೆ ಆಗುವುದಿಲ್ಲ, ಗೇಟಿಗೆ ಹೊಡೆದ ಬಣ್ಣದ ಹಾಗೆ ಕಾಣುತ್ತದೆ. ಕನ್ನಡಿಯ ಹೊಳಪು ಕೊಡುವ ಸ್ಪ್ರೇ ಬೇರೆಯೇ ಇದೆ. ನಾನು ಹೇಳುವುದು ಕ್ರೈಲಾನ್ ಲುಕಿಂಗ್ ಗ್ಲಾಸ್. ಡಬ್ಬಿ ಚಿಕ್ಕದು, ದುಡ್ಡು ಜಾಸ್ತಿ, ಆದರೂ ಅದನ್ನೇ ತನ್ನಿ.

ಕೆಲಸ ಮನೆಯ ಹೊರಗೆ, ಗಾಳಿ ಜೋರಿಲ್ಲದ ಜಾಗದಲ್ಲಿ, ನಡುಮಧ್ಯಾಹ್ನ. ಉತ್ತರದ ರಾಜ್ಯಗಳಲ್ಲಿ ಅಕ್ಟೋಬರ್ ಸಂಜೆಯ ಚಳಿಗೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಬಣ್ಣ ಗಾಜಿನ ಒಳಗೋಡೆಗೆ ಬೀಳಬೇಕು. ಗಾಜಿನ ಮೂಲಕ ನೋಡಿದಾಗಲೇ ಅದು ಕನ್ನಡಿ. ಹೊರಗೆ ಹೊಡೆದರೆ ಬರೀ ಬೂದು. ಹಾಗಾಗಿ ಹೊರಮೈಗೆ ಕಾಗದ ಸುತ್ತಿ ಟೇಪ್ ಅಂಟಿಸಿ. ಇನ್ನೊಂದು ಸ್ಪ್ರೇ ಬಾಟಲಿಯಲ್ಲಿ ವಿನೆಗರ್ ಮತ್ತು ನೀರನ್ನು ಸಮಸಮ ಬೆರೆಸಿಡಿ. ಪೇಂಟ್ ಡಬ್ಬಿಯನ್ನು ಎರಡು ನಿಮಿಷ ಅಲ್ಲಾಡಿಸಿ.

ಮೊದಲು ವಿನೆಗರ್ ನೀರನ್ನು ಒಳಗೆ ಒಂದೆರಡು ಸಲ ಚಿಮುಕಿಸಿ. ಹನಿಗಳು ಗೋಡೆಯ ಮೇಲೆ ಬಿಡಿಬಿಡಿಯಾಗಿ ನಿಲ್ಲಬೇಕು, ಇಳಿಯಬಾರದು. ಇಳಿದರೆ ಒರೆಸಿ ಮತ್ತೆ ಚಿಮುಕಿಸಿ. ಕೂಡಲೇ ಪೇಂಟನ್ನು ತಡೆತಡೆದು, ಒಂದೊಂದು ಸೆಕೆಂಡಿನಷ್ಟು ಮಾತ್ರ, ಪಾತ್ರೆ ತಿರುಗಿಸುತ್ತ ಹೊಡೆಯಿರಿ.

ಈಗ ಗಾಜು ಹಾಲುಹಾಲಾಗಿ ಮಂಕಾಗಿ ಕಾಣುತ್ತದೆ. ಇಲ್ಲೇ ಜನ ಗಾಬರಿ ಬೀಳುವುದು. ಏನೂ ಆಗಲಿಲ್ಲವೆಂದು ಮತ್ತಷ್ಟು ಹೊಡೆಯುತ್ತಾರೆ. ಬಣ್ಣ ಹರಿದು ತಳದಲ್ಲಿ ಮಡುಗಟ್ಟುತ್ತದೆ, ಗೋಡೆಯಲ್ಲಿ ಗೀರು ಮೂಡುತ್ತದೆ. ಸುಮ್ನೆ ಒಂದು ನಿಮಿಷ ಕಾಯಿರಿ. ಒಣಗುತ್ತಾ ಬಂದಂತೆ ಹೊಳಪು ತಾನಾಗಿ ಏಳುತ್ತದೆ. ಆಗ ಪೇಪರ್ ಟವಲ್ ಮಡಿಸಿ, ಹನಿ ಇದ್ದ ಕಡೆ ಮೆಲ್ಲಗೆ ಒತ್ತಿ ಎತ್ತಿ. ಉಜ್ಜಬೇಡಿ. ಹನಿಯ ಜೊತೆ ಬಣ್ಣವೂ ಎದ್ದು ಬಂದು ಸಣ್ಣ ಸಣ್ಣ ಕಿಂಡಿ ಉಳಿಯುತ್ತದೆ. ಬೆಳಕು ಬರುವುದು ಆ ಕಿಂಡಿಗಳಿಂದಲೇ.

ಹೀಗೇ ಚಿಮುಕಿಸಿ, ಹೊಡೆದು, ಕಾದು, ಒತ್ತಿ, ನಾಲ್ಕೈದು ತೆಳು ಪದರ ಬರಲಿ. ಪ್ರತಿ ಸಲ ಪಾತ್ರೆಯನ್ನು ಬಿಸಿಲಿಗೆ ಹಿಡಿದು ನೋಡಿ. ಆಚೆ ಹಿಡಿದ ನಿಮ್ಮ ಬೆರಳುಗಳ ನೆರಳು ಕಾಣುತ್ತಿರುವಾಗಲೇ ನಿಲ್ಲಿಸಿ. ನಡುವೆ ಬಿಡುವು ಸಿಕ್ಕಾಗ ಪಾತ್ರೆಯನ್ನು ಹಳೆ ಪೇಪರಿನ ಮೇಲೆ ಬೋರಲು ಹಾಕಿ, ತಳದ ಬಣ್ಣ ಇಳಿದು ಹೋಗಲಿ. ಪೂರ್ತಿ ಒಣಗಿದ ಮೇಲೆ ಕಪ್ಪು ಅಕ್ರಿಲಿಕ್ ಬಣ್ಣವನ್ನು ಸ್ಪಂಜಿನ ತುದಿಗೆ ಚೂರೇ ತಾಗಿಸಿ, ಒಳಗಡೆಯ ಕಿಂಡಿಗಳ ಅಂಚಿಗೆ ಮುಟ್ಟಿಸಿ. ಆಗ ಅದಕ್ಕೆ ವಯಸ್ಸು ಬರುತ್ತದೆ.

ಗಾಜಿನ ಗುಮ್ಮಟ

ಇದು ಸುಲಭ. ಹೂದಾನಿ ಬೋರಲು ಹಾಕಿ, ಅದರ ತಳದ ಮೇಲೆ ಒಂದು ಗುಂಡು ಹಿಡಿ ಅಂಟಿಸಿ. ಕೆಳಗೆ ತಟ್ಟೆ. ತಟ್ಟೆಯಡಿಗೆ ಕ್ಯಾಂಡಲ್ ಸ್ಟ್ಯಾಂಡ್ ಅಂಟಿಸಿದರೆ ಎತ್ತರವೂ ಬಂತು. ಒಳಗೆ ಒಣ ಕೊಂಬೆ, ಪ್ಲಾಸ್ಟಿಕ್ ಕಾಗೆ, ಏನಾದರೂ ಇಡಿ. ಹಾಟ್ ಗ್ಲೂ ಮಾತ್ರ ಬೇಡ. ನುಣುಪು ಗಾಜಿಗೆ ಅದರ ಹಿಡಿತ ಅಷ್ಟಕ್ಕಷ್ಟೆ, ಚಳಿಗೆ ಪಟ್ಟನೆ ಬಿಟ್ಟುಕೊಳ್ಳುತ್ತದೆ. ಇ6000 ಅಂಟು ತನ್ನಿ, ಕಿಟಕಿ ತೆರೆದಿಟ್ಟು ಹಚ್ಚಿ, ಟೇಪ್ ಸುತ್ತಿ ಮೂರು ದಿನ ಮುಟ್ಟಬೇಡಿ.

ಜಾಡಿಗಳ ಒಳಗೆ

ಮಾಟಗಾತಿಯ ಕಪಾಟಿಗೆ ಬೇಕಾದ್ದೆಲ್ಲ ನಮ್ಮ ಇಂಡಿಯನ್ ಸ್ಟೋರಿನಲ್ಲೇ ಇದೆ. ಅಂಟುವಾಳಕಾಯಿ ಸುಕ್ಕುಗಟ್ಟಿದ ಕಣ್ಣಿನಂತೆ ಕಾಣುತ್ತದೆ. ಅನಾನಸ್ ಹೂ, ಸೀಗೆಕಾಯಿ, ಒಣ ಅರಿಸಿನದ ಕೊಂಬು ಎಲ್ಲವೂ ಆಗುತ್ತವೆ. ಕಾಮಕಸ್ತೂರಿ ಬೀಜ ನೆನೆಹಾಕಿದರೆ ಥೇಟ್ ಕಪ್ಪೆ ಮೊಟ್ಟೆ, ಆದರೆ ಬೇಗ ಹುಳಿಯುತ್ತದೆ, 31ರ ಬೆಳಿಗ್ಗೆಯೇ ನೆನೆಹಾಕಿ. ಲೇಬಲ್‌ಗೆ ಬಿಳಿ ಕಾಗದವನ್ನು ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ, ಅಂಚು ಹರಿದು, ಕನ್ನಡದಲ್ಲೇ ಬರೆಯಿರಿ. ಊರಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ನೋಡಿ ಬೆಳೆದವರು ಅದನ್ನೇ ಒಂದು ಜಾಡಿಗೆ ಅಂಟಿಸಲಿ, ಮಕ್ಕಳಿಗೆ ಕಥೆ ಹೇಳಲು ದಾರಿಯಾಗುತ್ತದೆ.

ಬ್ಲ್ಯಾಕ್ ಲೈಟ್ ಇದ್ದರೆ ಬಣ್ಣ ಹಾಕದ ಒಂದು ಸೀಸೆಗೆ ಟಾನಿಕ್ ವಾಟರ್ ತುಂಬಿ. ಅದರಲ್ಲಿರುವ ಕ್ವಿನೈನ್ ನೀಲಿಯಾಗಿ ಹೊಳೆಯುತ್ತದೆ. ಸಕ್ಕರೆ ಇಲ್ಲದ್ದನ್ನೇ ಕೊಳ್ಳಿ, ಚೆಲ್ಲಿದರೂ ಅಂಟಂಟಾಗುವುದಿಲ್ಲ.

ದೀಪ

ಬಣ್ಣ ಬಳಿದ ಗಾಜಿನೊಳಗೆ ನಿಜವಾದ ಮೇಣದಬತ್ತಿ ಹಚ್ಚಲೇಬೇಡಿ, ಬಣ್ಣಕ್ಕೆ ಬೆಂಕಿ ಹತ್ತಬಹುದು. ಎಲ್‌ಇಡಿ ಟೀ ಲೈಟ್ ಹಾಕಿ, ಬಿಳಿಯದು ಬೇಡ, ಹಳದಿಯದೇ ಇರಲಿ. ಅದರ ಬಿಲ್ಲೆ ಬ್ಯಾಟರಿಯನ್ನು ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಅಗ್ಗದ ದೀಪ ತರಬೇಡಿ. ಒಳಗೆ ಬಣ್ಣ ಇರುವ ಪಾತ್ರೆಯಲ್ಲಿ ತಿನ್ನುವುದೇನೂ ಇಡಬಾರದು. ಹಳೆಯ ಕ್ರಿಸ್ಟಲ್ ಬಟ್ಟಲಿನಲ್ಲಿ ಸೀಸ ಇರುತ್ತದೆ, ಅದರಲ್ಲಿ ಕಾಗದ ಸುತ್ತಿದ ಚಾಕಲೇಟ್ ಮಾತ್ರ.

2024ರಲ್ಲಿ ನರಕ ಚತುರ್ದಶಿಯೂ ಹ್ಯಾಲೊವೀನೂ ಒಂದೇ ದಿನ ಬಂದಿದ್ದವು. ಮಿಕ್ಕ ವರ್ಷಗಳಲ್ಲೂ ಎರಡೂ ಆಸುಪಾಸಿನಲ್ಲೇ ಇರುತ್ತವೆ. ಕಾಗೆ ತೆಗೆದು ಚೆಂಡುಹೂ ಇಟ್ಟರೆ ಇದೇ ಪಾತ್ರೆಗಳು ದೀಪಾವಳಿಗೂ ಆಗುತ್ತವೆ. ಎತ್ತಿಡುವಾಗ ಒಣ ಬಟ್ಟೆಯಲ್ಲಿ ಹೊರಗಷ್ಟೇ ಒರೆಸಿ. ಡಿಶ್‌ವಾಶರ್‌ಗೆ ಹಾಕಿದರೆ ಒಳಗಿನ ಬಣ್ಣ ಕಿತ್ತುಬರುತ್ತದೆ.